ರಜೆಯಲ್ಲಿ ಬೆಳೆದವಳು

ಎಡಗಡೆಯ ಜಡೆ ಮುಗಿಯಿತು, ಬಲಗಡೆಯ ಕೂದಲನ್ನು ಮೂರು ಪಾಲು ಮಾಡಿ ಮೊದಲ ಹೆಣಿಗೆ ಹಾಕುವಾಗಲೇ ಫೋನು, ಮೇಜಿನ ಮೇಲೆ ಗುರ್ ಗುರ್ ಎನ್ನುತ್ತ ತಾನೇ ನಡೆದುಕೊಂಡು ಬರುತ್ತಿದೆ, ಹಾಲಿನ ಲೋಟಕ್ಕೆ ತಾಗಿ ನಿಂತಿತು, ಹಾಲಿನ ಮೇಲೆ ಸಣ್ಣ ಸಣ್ಣ ಬಳೆಗಳೆದ್ದವು, ಕಾರ್ಖಾನೆಯ ನಂಬರು, ರಜೆ ಮೇಡಮ್ ಇರಬೇಕು, ಆಫೀಸಿನಲ್ಲಿ ಕೂತು ಎಲ್ಲರ ರಜೆ ಬರೆದುಕೊಳ್ಳುವವರು, ಅವರಿಗೆ ಬೇರೆ ಹೆಸರಿದೆ, ಯಾರಿಗೂ ನೆನಪಿಲ್ಲ — ಎತ್ತಬೇಕು, ಎತ್ತುತ್ತೇನೆ, ಈಗ ಕೈ ಬಿಟ್ಟರೆ ಮತ್ತೆ ಮೊದಲಿಂದ ಬಾಚಬೇಕು, ಸ್ಕೂಲ್ ವ್ಯಾನಿಗೆ ಇನ್ನು ಇಪ್ಪತ್ತೇ ನಿಮಿಷ. ನನ್ನ ಮಂಡಿಗಳ ನಡುವೆ ಕೂತ ಗುಬ್ಬಿಯ ಹೆಗಲು ಬಿಗಿಯಾಯಿತು. ಆರು ವರ್ಷದ ಮಗಳು, ಇಷ್ಟು ಹೊತ್ತು ಪೆನ್ಸಿಲ್ ಕದ್ದವಳ ಮೇಲೆ ದೂರು ಹೇಳುತ್ತಿದ್ದವಳು, ಕತ್ತರಿಸಿದ ಹಾಗೆ ಸುಮ್ಮನಾದಳು, ಫೋನು ಎಲ್ಲಿಂದ ಎಂದು ಅವಳಿಗೆ ಹೇಗೆ ತಿಳಿಯುತ್ತದೋ, ನನ್ನ ಬೆರಳಿನಿಂದಲೇ ಇರಬೇಕು, ಕೂದಲಿಗೂ ಕಿವಿ ಇದೆಯೇನೋ, ಎಳೆದದ್ದು ಹೆಚ್ಚಾಯಿತು ಅಂತ ಕಾಣುತ್ತದೆ, ಆದರೂ ಅಮ್ಮಾ ನೋಯ್ತಿದೆ ಅನ್ನಲಿಲ್ಲ, ದಿನಾ ಅನ್ನುವವಳು. ಫೋನು ನಿಂತಿತು. ಹಾಲೂ ನಿಂತಿತು.

ಇವತ್ತು ಕೊನೆಯ ದಿನ. ಅವರ ಕಾಗದ ಡ್ರಾಯರಿನಲ್ಲಿ ಚಮಚಗಳ ಕೆಳಗಿದೆ, ನನಗೆ ಬಾಯಿಪಾಠವಾಗಿದೆ, ಹೆರಿಗೆ ರಜೆ ಮುಗಿಸಿ ಸೋಮವಾರ ಕೆಲಸಕ್ಕೆ ಹಾಜರಾಗುವಿರೋ ಇಲ್ಲವೋ ತಿಳಿಸತಕ್ಕದ್ದು, ಹಾಜರಾಗದಿದ್ದಲ್ಲಿ ಕಾನೂನಿನ ಪ್ರಕಾರ ಸಂದ ಹೆರಿಗೆ ವೇತನವು ತಮ್ಮದಾಗಿಯೇ ಉಳಿಯುವುದು, ಕಾರ್ಖಾನೆಯು ಅದರ ಮೇಲೆ ಸೇರಿಸಿ ಕೊಟ್ಟ ಭಾಗವನ್ನು ಹಿಂದಿರುಗಿಸತಕ್ಕದ್ದು — ಸರಿ, ನ್ಯಾಯವೇ, ನಾನೇ ಸಹಿ ಹಾಕಿದ್ದು, ಎಂಟು ತಿಂಗಳ ಹೊಟ್ಟೆ ಮೇಜಿಗೆ ತಾಗಿ ಕಾಗದ ಎಟುಕದೆ ರಜೆ ಮೇಡಮ್ಮೇ ಅದನ್ನು ನನ್ನ ಕಡೆ ತಳ್ಳಿದ್ದರು, ಬರ್ತೀರ ತಾನೇ, ಎಲ್ರೂ ಬರ್ತೀನಿ ಅಂತಾರೆ, ಆಮೇಲೆ ಮಗೂ ಮುಖ ನೋಡ್ಕೊಂಡು ಮನೇಲೇ ಉಳ್ಕೊಂಡ್ಬಿಡ್ತಾರೆ. ಮಗೂ ಮುಖ. ಒಂಬತ್ತು ದಿನ ನೋಡಿದೆ, ಗಾಜಿನ ಪೆಟ್ಟಿಗೆಯ ಹೊರಗಿನಿಂದ, ಮೂಗಿನಲ್ಲೊಂದು ಕೊಳವೆ, ಪಾದದಲ್ಲೊಂದು, ಐದು ದಿನ ಹಾಲು ಕುಡಿಯಿತು, ಹನಿ ಹನಿಯಾಗಿ, ನನ್ನದೇ ಹಾಲು, ಒಂಬತ್ತನೆಯ ಬೆಳಿಗ್ಗೆ ನರ್ಸಮ್ಮ ಕೊಳವೆಗಳನ್ನೆಲ್ಲ ತೆಗೆದು ಮಗುವನ್ನು ತಂದು ನನ್ನ ಕೈಗಿಟ್ಟರು, ಎಷ್ಟು ಹಗುರ, ಯಾಕೆ ತೆಗೆದರು ಎಂದು ನಾನು ಕೇಳಲಿಲ್ಲ, ಕೇಳಿದ್ದರೆ ಅವರು ಹೇಳಬೇಕಾಗುತ್ತಿತ್ತು. ಅದು ಹೋಗಿ ಆರು ತಿಂಗಳಾಗುತ್ತ ಬಂತು. ಕಾರ್ಖಾನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ. ಪ್ರತಿ ತಿಂಗಳು ಒಂದನೇ ತಾರೀಕು ಫೋನು ಟಿಣ್ ಎನ್ನುತ್ತದೆ, ಹೆರಿಗೆ ವೇತನ ಜಮಾ ಆಗಿದೆ, ಆ ಹಣವೆಲ್ಲ ಆ ಒಂಬತ್ತು ದಿನಗಳ ಆಸ್ಪತ್ರೆ ಬಿಲ್ಲಿಗೇ ಹೋಯಿತು, ಮಗುವಿನ ಜೊತೆ ಇರಲಿ ಎಂದು ಕೊಟ್ಟದ್ದು ಮಗು ಇದ್ದದ್ದಕ್ಕೇ ಹೋಯಿತು. ಡಾಕ್ಟರು ಹೇಳಿದ್ದರು, ರಜೆ ನಿಮ್ಮ ಮೈಗೂ ಬೇಕಮ್ಮ, ಅದನ್ನ ಯಾರೂ ಕಿತ್ಕೊಳ್ಳಲ್ಲ, ಧೈರ್ಯವಾಗಿ ಹೇಳಿ. ಹಾಗಿದ್ದ ಮೇಲೆ ನಾನು ಹಣಕ್ಕಾಗಿ ಸುಳ್ಳು ಹೇಳಲಿಲ್ಲ, ಇದು ನನಗೆ ಗೊತ್ತು, ಬೇರೆ ಯಾರಿಗೆ ಗೊತ್ತಾದೀತು, ನಾನೇ ಕಾರ್ಖಾನೆಯಲ್ಲಿ ನಮ್ಮ ಮೇಜಿನ ಹತ್ತಿರ ಕೂತು ಬೇರೊಬ್ಬಳ ವಿಷಯ ಕೇಳಿದ್ದರೆ ಏನನ್ನುತ್ತಿದ್ದೆ — ಸತ್ತ ಮಗೂನ ಮುಂದಿಟ್ಕೊಂಡು ಸಂಬಳ ತಿಂದ್ಲು ಅನ್ನುತ್ತಿದ್ದೆ, ಅನ್ನುತ್ತಿದ್ದೆನಲ್ಲ.

ಮೇಜು ಎಂದರೆ ನಾವು ಕೆಲಸ ಮಾಡುವ ಮೇಜು, ಕಾಲುಚೀಲದ ಕಾರ್ಖಾನೆ, ನಮ್ಮದು ಮಕ್ಕಳ ಅಳತೆಯದು, ಯಂತ್ರದಿಂದ ಹೆಣೆದು ಬಂದ ಕಾಲುಚೀಲ ಮುದುಡಿಕೊಂಡಿರುತ್ತದೆ, ಅದನ್ನು ಬಿಸಿ ತಗಡಿನ ಕಾಲಿಗೆ ತೊಡಿಸಿ ಉಗಿ ಕೊಟ್ಟರೆ ಆಕಾರಕ್ಕೆ ಬರುತ್ತದೆ, ಸಾಲಾಗಿ ನಿಂತ ಪುಟ್ಟ ಪುಟ್ಟ ತಗಡಿನ ಕಾಲುಗಳು, ಅಂಗಾಲು ಮೇಲೆ, ನೂರಾರು, ಮುಟ್ಟಿದರೆ ಬೆಚ್ಚಗೆ. ಅಲ್ಲಿ ಬಸುರಿ ರಜೆಗೆ ಹೊರಟರೆ ಮೇಜಿನವರೆಲ್ಲ ಸೇರಿ ಅಳತೆಗೊಂದು ಜೊತೆ ಕಟ್ಟಿ ಕೊಡುತ್ತಾರೆ, ಹುಟ್ಟಿದ ಕೂಸಿಗೆ, ಮೂರು ತಿಂಗಳಿಗೆ, ಆರಕ್ಕೆ, ಒಂಬತ್ತಕ್ಕೆ, ವರ್ಷಕ್ಕೆ, ಒಂದೊಂದಕ್ಕೂ ರಬ್ಬರ್ ಬ್ಯಾಂಡು. ನನ್ನದನ್ನು ಕಟ್ಟಿದ್ದು ದೊಡ್ಡಕ್ಕ, ಮೇಜಿನಲ್ಲಿ ಎಲ್ಲರಿಗಿಂತ ಹಿರಿಯವಳು, ನಾಲ್ಕು ಹೆತ್ತವಳು, ಬಾಯಿಗೆ ಬೀಗವಿಲ್ಲದವಳು, ಚಿಕ್ಕದು ಒಂದೇ ಜೊತೆ ಸಾಕು ಕಣೇ, ಕಣ್ಣು ಮುಚ್ಚಿ ಬಿಡೋದ್ರಲ್ಲಿ ಕಾಲು ಬೆಳ್ಕೊಂಡ್ಬಿಡುತ್ತೆ ಅಂದಿದ್ದಳು. ಒಂದೇ ಜೊತೆ ಸಾಕಾಯಿತು. ಅದೂ ದೊಡ್ಡದಾಗಿತ್ತು, ಜಾರುತ್ತಿತ್ತು.

ಮೊದಲ ಫೋನೂ ಅವಳದೇ, ಮೂರನೇ ವಾರ, ನಾನು ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ, ಗುಬ್ಬಿಯೇ ತಂದು ಕೊಟ್ಟಳು. ಏನೇ, ಮಗಳೋ ಮಗನೋ, ಹೆತ್ತ ಮೇಲೆ ನಮ್ಮನ್ನೆಲ್ಲ ಮರ್ತೇಬಿಟ್ಯಲ್ಲ ಮಹಾರಾಣಿ. ಮಗಳು ಅಂದೆ. ಹಾಲು ಕುಡೀತಾಳಾ? ಹೂಂ. ಎಲ್ಲಿ, ಸದ್ದೇ ಇಲ್ಲ, ಮಲಗಿದಾಳಾ? ಮಲಗಿದಾಳೆ ಅಂದೆ. ಅಷ್ಟೇ. ಅವಳು ನಕ್ಕಳು, ಹಿಂದೆ ಉಗಿಯ ಸದ್ದು, ಹುಡುಗಿಯರೆಲ್ಲ ಒಟ್ಟಿಗೆ ಕಿರುಚಿದರು, ಮಗಳಂತೆ ಮಗಳಂತೆ, ಯಾರೋ ಚಪ್ಪಾಳೆ ತಟ್ಟಿದರು — ಆ ಮಗುವಿಗೆ ಬಿದ್ದ ಒಂದೇ ಚಪ್ಪಾಳೆ, ಇಲ್ಲಿ ಯಾರೂ ತಟ್ಟಿರಲಿಲ್ಲ, ಇಲ್ಲಿ ಎಲ್ಲರೂ ಬಾಗಿಲ ಹತ್ತಿರ ಪಿಸುಗುಟ್ಟುತ್ತಿದ್ದರು, ಅದನ್ನು ನಾನು ಹೇಗೆ ನಿಲ್ಲಿಸಲಿ, ಕೈತಟ್ಟುವವರ ಕೈ ಹಿಡಿದು ನಿಲ್ಲಿಸುವುದು ಹೇಗೆ. ಮುಂದಿನ ಸಲ ಹೇಳೋಣ ಅಂದುಕೊಂಡೆ. ಮುಂದಿನ ಸಲ ದೊಡ್ಡಕ್ಕನೇ, ಪಾಪಚ್ಚಿ ನಗ್ತಾಳಾ ಅಂದಳು. ನಗ್ತಾಳೆ ಅಂದೆ. ಆಮೇಲೆ ಫೋನಿನಲ್ಲೇ ಕತ್ತು ನಿಂತಿತು, ಮಗ್ಗುಲಾದಳು, ರಾತ್ರಿ ಹಠ ಮಾಡಿದಳು, ಹೊಟ್ಟೆನೋವಿಗೆ ಇಂಥದ್ದು ಕೊಡು ಎಂದು ದೊಡ್ಡಕ್ಕ ಹೇಳಿದ ಔಷಧಿಯನ್ನು ತಂದೂಬಿಟ್ಟೆ, ಅಂಗಡಿಯವನು ಎಷ್ಟು ತಿಂಗಳು ಅಂದ, ನಾಲ್ಕು ಅಂದೆ, ಮುಚ್ಚಳ ತೆಗೆಯದೆ ಕಪಾಟಿನಲ್ಲಿಟ್ಟಿದ್ದೇನೆ. ಹೆತ್ತೋರಿಗೆ ಹೆಗ್ಗಣ ಮುದ್ದು ಅಂತಾರೆ, ನಿನ್ನದು ಹೆಗ್ಗಣಾನೋ ಗಿಣೀನೋ ನೋಡ್ತೀನಿ, ಒಂದು ಫೋಟೋ ಕಳ್ಸೇ ಅಂದಳು. ಫೋನಿನ ಕ್ಯಾಮೆರಾ ಕೆಟ್ಟಿದೆ ದೊಡ್ಡಕ್ಕ ಅಂದೆ. ಹೋದ ವಾರ ಹಲ್ಲು ಬಂತು, ಕೆಳಗೆ ಎರಡು, ಅಕ್ಕಿಕಾಳಿನ ಹಾಗೆ — ಹೇಳುವಾಗ ನನ್ನ ತೋರುಬೆರಳ ತುದಿ ಚುರ್ರೆಂದಿತು, ನಿಜವಾಗಿ, ಕಚ್ಚಿದ ಹಾಗೆ, ನೋಡಿಕೊಂಡೆ.

ಫೋನಿನ ಈ ಮಾತುಗಳು ಇವರಿಗೆ, ಗುಬ್ಬಿಯ ಅಪ್ಪನಿಗೆ, ಗೊತ್ತಿಲ್ಲ. ಬಸ್ ಡಿಪೋದಲ್ಲಿ ಬ್ರೇಕ್ ಕೂರಿಸುವ ಕೆಲಸ, ಬೆಳಗಿನ ಜಾವ ಹೋದರೆ ಸಂಜೆಗೆ ಬರುವವರು, ನಾನು ಅಂದೇ ಕಾರ್ಖಾನೆಗೆ ತಿಳಿಸಿದ್ದೇನೆ ಎಂದೇ ತಿಳಿದಿದ್ದಾರೆ, ನಿನ್ನೆ ಕಾಗದ ನೋಡಿ, ಹೋಗೋಕಾಗಲ್ಲ ಅಂದ್ರೆ ಬಿಡು, ಹೇಗೋ ಸ್ವಲ್ಪ ಸ್ವಲ್ಪ ಕಟ್ಟೋಣ, ನಿನ್ನ ಜೀವಕ್ಕಿಂತ ದೊಡ್ಡದಲ್ಲ ಅಂದರು, ಕೈಗೆ ಗ್ರೀಸ್ ವಾಸನೆ, ತಲೆ ಸವರಲು ಬಂದು ಕೈ ಕೊಳೆ ಎಂದು ಹಿಂದೆಗೆದುಕೊಂಡರು. ಒಳ್ಳೆಯವರ ಹತ್ತಿರ ಸುಳ್ಳು ಹೇಳುವುದು ಬಲು ಸುಲಭ, ಅವರು ಕೇಳುವುದೇ ಇಲ್ಲ. ಗೊತ್ತಿರುವುದು ಗುಬ್ಬಿಗೆ ಮಾತ್ರ, ಫೋನು ಬಂದಾಗೆಲ್ಲ ಇಲ್ಲೇ ಎಲ್ಲೋ ಇರುತ್ತಾಳೆ, ಮೇಜಿನ ಕೆಳಗೆ, ಬಾಗಿಲ ಮರೆಯಲ್ಲಿ. ಅವಳಿಗೆ ಯಾರು ಏನು ಹೇಳಿದರೋ ನನಗೆ ತಿಳಿಯದು, ನಾನಂತೂ ಹೇಳಲಿಲ್ಲ, ಪಾಪುನ ನೋಡೋಕೆ ಯಾವಾಗ ಹೋಗೋದು ಎಂದು ಆ ಒಂಬತ್ತು ದಿನ ಕೇಳಿದವಳು ಹತ್ತನೆಯ ದಿನದಿಂದ ಕೇಳಲಿಲ್ಲ, ನನ್ನಮ್ಮ ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಏನೋ ಹೇಳಿರಬೇಕು, ಅಮ್ಮನ್ನ ಏನೂ ಕೇಳ್ಬೇಡ ಪುಟ್ಟಾ ಎಂದದ್ದಷ್ಟೇ ನನ್ನ ಕಿವಿಗೆ ಬಿತ್ತು. ಕೇಳುವುದಿಲ್ಲ. ಆದರೆ ಮಲಗಿದಾಳೆ ಎಂದು ನಾನು ಫೋನಿಟ್ಟ ಮೇಲೆ ಮೆಲ್ಲಗೆ ನಡೆಯುತ್ತಾಳೆ. ತುದಿಗಾಲಿನಲ್ಲಿ. ಚೇರು ಎಳೆಯುವುದಿಲ್ಲ, ಎತ್ತಿ ಇಡುತ್ತಾಳೆ, ಪಕ್ಕದ ಮನೆಯ ಹುಡುಗಿ ಜೋರಾಗಿ ಕರೆದರೆ ತುಟಿಗೆ ಬೆರಳಿಟ್ಟು ಶ್ ಎನ್ನುತ್ತಾಳೆ, ನಾನೂ ನಲ್ಲಿ ಸಣ್ಣಗೆ ತಿರುಗಿಸುತ್ತೇನೆ, ಪಾತ್ರೆ ಸದ್ದಾಗದಂತೆ ಇಡುತ್ತೇನೆ, ಇಬ್ಬರೂ ಇಡೀ ಮಧ್ಯಾಹ್ನ ಯಾರನ್ನೂ ಎಬ್ಬಿಸದ ಹಾಗೆ ಓಡಾಡುತ್ತೇವೆ, ಒಳಕೋಣೆಯ ಬಾಗಿಲು ಒಂದಿಷ್ಟೇ ತೆರೆದಿರುತ್ತದೆ, ಅದನ್ನು ಹಾಗೆ ಬಿಟ್ಟವರು ಯಾರು, ನಾನಲ್ಲ. ಒಂದು ದಿನ ಕಾಲುಚೀಲದ ಕಟ್ಟಿನಲ್ಲಿ ಮೂರು ತಿಂಗಳ ಜೊತೆಯ ರಬ್ಬರ್ ಬ್ಯಾಂಡು ಬಿಚ್ಚಿತ್ತು. ಅದಾಗಿ ಎಷ್ಟೋ ದಿನದ ಮೇಲೆ ಆರು ತಿಂಗಳದ್ದು. ಕೇಳಲಿಲ್ಲ ನಾನು. ಅವಳೂ ಎಷ್ಟೋ ಸಲ ಬಾಯಿ ತೆರೆದಿದ್ದಾಳೆ, ಅಮ್ಮಾ, ಎನ್ನುತ್ತಾಳೆ, ಏನು ಚಿನ್ನಾ, ಎನ್ನುತ್ತೇನೆ, ನನ್ನ ಮುಖ ನೋಡುತ್ತಾಳೆ, ನೀರು ಬೇಕು. ಕೊಡುತ್ತೇನೆ. ಕುಡಿಯುವುದಿಲ್ಲ. ಅವಳು ನಂಬಿದ್ದಾಳೋ, ಈ ಮನೆಯಲ್ಲಿ ನನಗೆ ಮಾತ್ರ ಕಾಣುವ ಮಗುವೊಂದಿದೆ ಎಂದು, ಇಲ್ಲ ನನ್ನನ್ನೇ ಎಬ್ಬಿಸಬಾರದು ಎಂದು ಹೀಗೆ ನಡೆಯುತ್ತಾಳೋ —

ಮತ್ತೆ ಫೋನು. ಕೈ ಕೂದಲಿನಲ್ಲೇ ಇದೆ, ಒಂದು ಕೈ ಬಿಡಿಸಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡೆ. ಏನಮ್ಮಾ, ನಿಮ್ಮ ಉತ್ತರಕ್ಕೆ ಕಾದೂ ಕಾದೂ ನನ್ನ ತಲೆ ನೆರೆದುಹೋಯ್ತು ಅಂದರು ರಜೆ ಮೇಡಮ್, ಸೋಮವಾರ ಬರ್ತೀರೋ ಇಲ್ವೋ, ಹೂಂ ಅನ್ನಿ ಇಲ್ಲ ಉಹೂಂ ಅನ್ನಿ, ಇವತ್ತು ಸಂಜೆ ಪಟ್ಟಿ ಮೇಲಕ್ಕೆ ಹೋಗ್ಬೇಕು. ಹೇಳಿಬಿಡು, ಈಗಲೇ, ಈ ಮೇಡಮ್ ಪರಿಚಯ ಅಷ್ಟೇ, ದೊಡ್ಡಕ್ಕನಲ್ಲ, ಒಂದೇ ವಾಕ್ಯ, ಮೂರು ಮಾತು. ಕಷ್ಟ ಆಗುತ್ತೆ ಮೇಡಂ ಅಂದೆ. ಗೊತ್ತು ಗೊತ್ತು, ಮಗೂನ ಬಿಟ್ಟು ಬರೋಕೆ ಮನಸ್ಸಾಗಲ್ಲ, ನಾನೂ ಹೆತ್ತವಳೇ, ಅದಕ್ಕೇ ಒಂದು ಒಳ್ಳೇ ಸುದ್ದಿ, ಹಿಂದಿನ ಗೋದಾಮು ಖಾಲಿ ಮಾಡ್ಸಿ ಮಕ್ಕಳ ಕೋಣೆ ಮಾಡಿದಾರೆ, ಆರು ತೊಟ್ಟಿಲು, ಐದು ಆಗ್ಲೇ ಹೋಯ್ತು, ಆರನೇದು ನಿಮಗೇಂತ ಹಿಡಿದಿಟ್ಟಿದೀನಿ, ದೊಡ್ಡಕ್ಕ ಬಂದು ಜಗಳ ಆಡಿ ಹೋದ್ಲಪ್ಪ, ನಮ್ಮ ಹುಡುಗಿಗೆ ಕೊಡ್ದೇ ಇದ್ರೆ ನಾನೇ ಹೋಗಿ ಅದ್ರಲ್ಲಿ ಮಲಗ್ತೀನಿ ಅಂತ, ಮಲಗಿದ್ರೆ ತೊಟ್ಟಿಲು ಉಳಿಯುತ್ತಾ ಹೇಳಿ. ನಕ್ಕರು. ನಾನೂ ನಕ್ಕೆ, ನಕ್ಕದ್ದು ಕೇಳಿಸಿತು. ಊಟದ ಹೊತ್ತಲ್ಲಿ ಹೋಗಿ ಹಾಲು ಕೊಡ್ಬಹುದು, ಕೆಲಸಾನೂ ಉಳೀತು, ದುಡ್ಡು ವಾಪಸ್ ಕೊಡೋ ತಲೆನೋವೂ ಇಲ್ಲ, ಏನಂತೀರ, ತೊಟ್ಟಿಲಿಗೆ ಚೀಟಿ ಅಂಟಿಸ್ಬೇಕು, ಹೇಳಿ, ಮಗೂ ಹೆಸರೇನು?

ಹೆಸರು. ಆರು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ, ದೊಡ್ಡಕ್ಕನಿಗೆ ಅವಳು ಬರೀ ಪಾಪಚ್ಚಿ, ಆಸ್ಪತ್ರೆಯವರು ಕೊಟ್ಟ ಎರಡು ಕಾಗದಗಳಲ್ಲೂ, ಬಂದದ್ದಕ್ಕೊಂದು ಹೋದದ್ದಕ್ಕೊಂದು, ಹೆಸರಿನ ಜಾಗದಲ್ಲಿ ಹೆಣ್ಣು ಮಗು ಅಂತಷ್ಟೇ ಇದೆ, ಆದರೆ ಒಂದು ಹೆಸರಿತ್ತು, ಇದೆ, ಗುಬ್ಬಿಯ ಅಪ್ಪನಿಗೂ ಹೇಳಿಲ್ಲ, ಗಾಜಿಗೆ ಬಾಯಿಟ್ಟು ನಾಲ್ಕನೆಯ ದಿನ ಕರೆದಿದ್ದೆ, ಗಾಜಿನ ಮೇಲೆ ಉಸಿರು ಕೂತು ಮುಖ ಮರೆಯಾಯಿತು. ಕೇಳಿಸ್ತಾ, ಹೆಸರು ಹೇಳಿ, ಬರ್ಕೋತೀನಿ — ಅಲ್ಲಿ ಪೆನ್ನಿನ ಟಿಕ್ ಎನ್ನುವ ಸದ್ದು. ಹೇಳಿದರೆ ಬರೆಯುತ್ತಾರೆ. ದುಂಡಗೆ ಬರೆದು ತೊಟ್ಟಿಲಿಗೆ ಅಂಟಿಸುತ್ತಾರೆ, ಸಾಲಿನ ಕೊನೆಯ ತೊಟ್ಟಿಲು, ಕಿಟಕಿಯ ಪಕ್ಕದ್ದಿರಲಿ, ದೊಡ್ಡಕ್ಕ ದಿನಾ ಹೋಗಿ ಓದುತ್ತಾಳೆ, ಸೋಮವಾರ ನಾನು ಹೋಗುತ್ತೇನೆ, ಇವತ್ತು ಮಗೂಗೆ ನೆಗಡಿ ಮೇಡಂ ಅನ್ನುತ್ತೇನೆ, ಮಂಗಳವಾರ ಜ್ವರ, ಆಮೇಲೆ ನನ್ನಮ್ಮನೇ ನೋಡ್ಕೋತಾಳೆ ಅಂದರಾಯಿತು, ಅವಳು ಅಂಬೆಗಾಲಿಡುತ್ತಾಳೆ, ಗೋಡೆ ಹಿಡಿದು ನಿಲ್ಲುತ್ತಾಳೆ, ವರ್ಷ ತುಂಬುತ್ತದೆ, ಯಾರಿಗೆ ಏನು ನಷ್ಟ, ನಾನು ತಗಡಿನ ಕಾಲುಗಳಿಗೆ ತೊಡಿಸುತ್ತ ಮೇಜಿನವರಿಗೆ ಅವಳ ತುಂಟಾಟ ಹೇಳುತ್ತೇನೆ, ಬೆಚ್ಚಗಿನ ಪುಟ್ಟ ಕಾಲುಗಳು, ಒಂದಾದ ಮೇಲೊಂದು, ಯಾವುದೂ ಒದೆಯುವುದಿಲ್ಲ. ನಾಲಿಗೆ ಆಗಲೇ ಹಲ್ಲಿನ ಹಿಂದೆ ಹೋಗಿ ಆ ಹೆಸರಿನ ಮೊದಲ ಅಕ್ಷರಕ್ಕೆ ನಿಂತಿದೆ, ಹೇಳುತ್ತೇನೆ, ಒಂದೇ ಒಂದು ಸಲ, ಯಾರಾದರೂ ಬರೆದುಕೊಳ್ಳಲಿ — ಗುಬ್ಬಿ ತಿರುಗಿದಳು, ಹೆಣಿಗೆಯೆಲ್ಲ ಬಿಚ್ಚಿಕೊಂಡು ಕೂದಲು ನನ್ನ ಬೆರಳುಗಳಿಂದ ಜಾರಿಹೋಯಿತು, ಮುಖ ಎತ್ತಿ ನನ್ನನ್ನೇ ನೋಡುತ್ತಿದ್ದಾಳೆ, ಪಿಸುದನಿಯಲ್ಲ, ಫೋನಿನ ಆಚೆಯವರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಈ ಮನೆಯಲ್ಲಿ ಆರು ತಿಂಗಳಿಂದ ಯಾರೂ ಮಾತಾಡದಷ್ಟು ಗಟ್ಟಿಯಾಗಿ —

ಅಮ್ಮಾ, ನಮ್ಮ ಪಾಪು ಸತ್ತೋಯ್ತು ಅಂತ ಅವ್ರಿಗೆ ಯಾರೂ ಹೇಳೇ ಇಲ್ವಾ?