ಅರ್ಧ ಎಲೆ

ಟಪ್, ಟಪ್ — ಎರಡು ಮಣೆ, ಎರಡು ಕೈ, ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ, ಹೊನ್ನಮ್ಮನಿಗೆ ಅದು ಕಿವಿಯಲ್ಲೇ ಕಾಣುತ್ತಿದೆ, ಬೇಲಿಯಾಚೆ ಮಂಜಿಯ ಮಣ್ಣಿನಂಗಳವನ್ನು ಮರದ ಮಣೆಯಿಂದ ಬಡಿದು ಗಟ್ಟಿ ಮಾಡುತ್ತಿದ್ದಾರೆ, ಒಬ್ಬಳೇ ಬಡಿದರೆ ಟಪ್ ಎಂದಾದ ಮೇಲೆ ಒಂದು ಉಸಿರಿನಷ್ಟು ಖಾಲಿ ಬೀಳುತ್ತದೆ, ಇಲ್ಲಿ ಖಾಲಿಯೇ ಇಲ್ಲ, ಅಂದರೆ ಎದುರಿಗೆ ಇನ್ನೊಬ್ಬಳು ಕೂತಿದ್ದಾಳೆ, ಮತ್ತೆ ಯಾರು, ವಿನುತಾ, ಮಂಜಿಯ ಮಗ ಉಮೇಶ ಕಟ್ಟಿಕೊಂಡು ಬಂದವಳು, ಬಂದು ವರ್ಷ ತುಂಬಿಲ್ಲ, ಆಗಲೇ ಮಣೆ ಹಿಡಿಯುವುದು ಕಲಿತುಬಿಟ್ಟಳು. ಹೊನ್ನಮ್ಮ ಮೆಟ್ಟಿಲ ಮೇಲಿನ ಹಾವಸೆ ಕೆರೆಯುತ್ತಾಳೆ, ಕೆರೆದಷ್ಟೂ ಹಸಿರು, ಈ ಸಲದ ಮಳೆಗೆ ಅದು ಎಷ್ಟು ದಪ್ಪ ಬೆಳೆದಿದೆ ಎಂದರೆ ಎರಡು ಆಡು ಕಟ್ಟಿ ಮೇಯಿಸಬಹುದು, ಕಾಲು ಜಾರಿದ ಆಡು ಧಾರೇಶ್ವರದ ಸಮುದ್ರ ಮುಟ್ಟುವ ತನಕ ನಿಲ್ಲುವುದಿಲ್ಲ — ಇಂಥ ಮಾತಿಗೆ ನಗುವವಳು ಮಂಜಿ, ಹೊಟ್ಟೆ ಹಿಡಿದುಕೊಂಡು, ಸುಳ್ಳಿ, ಶುದ್ಧ ಸುಳ್ಳಿ ನೀನು ಎನ್ನುತ್ತ ನಗುವವಳು, ಈಗ ಆಚೆ ಕೂತು ಸೊಸೆಯ ಮಾತಿಗೆ ನಗುತ್ತಿದ್ದಾಳೆ. ಮೂವತ್ತಾರು ಮಳೆಗಾಲ. ಮೂವತ್ತಾರು ಸಲ ಮಳೆ ಹಿಂದೆ ಸರಿದ ಮೇಲೆ ಮಣ್ಣು ಹದ ಮಾಡಿ, ಮೊದಲು ಮಂಜಿಯ ಅಂಗಳ, ಆಮೇಲೆ ಹೊನ್ನಮ್ಮನದು, ಎದುರೆದುರು ಕುಕ್ಕರಗಾಲಲ್ಲಿ ಕೂತು ಬಡಿದದ್ದು, ಬಡಿಯುತ್ತ ಹಾಡಿನ ಪದ ಹೇಳಿದ್ದು, ಮಂಜಿ ಸಾಲು ಎತ್ತುತ್ತಾಳೆ, ಹೊನ್ನಮ್ಮ ಅದೇ ಸಾಲನ್ನು ಹಿಡಿದು ತಿರುಗಿ ಹೇಳುತ್ತಾಳೆ, ಎತ್ತುವ ಬಾಯಿ ಬೇರೆ, ಹಿಡಿಯುವ ಬಾಯಿ ಬೇರೆ, ಮದುವೆಯಿರಲಿ ತೊಟ್ಟಿಲಿರಲಿ ಊರಿಗೆ ಕೇಳಿಸುವುದು ಮಾತ್ರ ಒಂದೇ ದನಿ. ಈಗ ಅವಳಿಗೆ ಬೇರೆ ಬಾಯಿ ಸಿಕ್ಕಿದೆ.

ಸೋಮವಾರ ಸಂಜೆ ಕಂಡದ್ದು ಕಣ್ಣಿಂದ ಹೋಗುವುದಿಲ್ಲ. ಬೇಲಿಯ ಸಂದಿಯಿಂದಲೇ ಕಂಡದ್ದು, ಹೊನ್ನಮ್ಮ ಇಣುಕಿದ್ದಲ್ಲ, ಬಸಳೆ ಕೊಯ್ಯುತ್ತಿದ್ದಳು, ಕಣ್ಣು ತಾನೇ ಹೋಯಿತು. ಮಂಜಿ ಜಗಲಿಯಲ್ಲಿ ಕೂತು ಎಲೆಯಡಿಕೆಯ ಸಂಚಿ ಬಿಚ್ಚಿದಳು, ಒಂದು ಎಲೆ ತೆಗೆದಳು, ಸೀರೆಗೆ ಒರೆಸಿದಳು, ನಡುನರದ ಮೇಲೆ ಉಗುರು ಎಳೆದು ಸರ್ರನೆ ಹರಿದಳು, ಅರ್ಧ ಎಲೆ ವಿನುತಾಳ ಕೈಗೆ. ಅರ್ಧ ಎಲೆ ಎಂದರೆ ಏನೆಂದು ಈ ಕೇರಿಯ ನಾಯಿಗೂ ಗೊತ್ತು. ಎಲ್ಲಿ ಪದ ಹೇಳುವುದಿದ್ದರೂ ಮಂಜಿ ಬಂದು ಎಲೆ ಹರಿದು ಅರ್ಧ ಹೊನ್ನಮ್ಮನ ಅಂಗೈಯಲ್ಲಿ ಇಡಬೇಕು, ಅರ್ಧ ತಾನು ಹಾಕಿಕೊಳ್ಳಬೇಕು, ಇಬ್ಬರ ಬಾಯಿಯೂ ಕೆಂಪಾದರೆ ಕರೆದ ಹಾಗೆ, ಬಾಯಲ್ಲಿ ಹೇಳಿದರೆ ಕರೆದ ಹಾಗಲ್ಲ. ಬರುವ ಐತವಾರ ಮಂಜಿಯ ಮಗಳು ಸುಷ್ಮಾಳಿಗೆ ಹೂ ಮುಡಿಸುವ ಶಾಸ್ತ್ರ, ಏಳು ತಿಂಗಳು ತುಂಬಿತು, ಆ ಸುಷ್ಮಾಳ ತೊಟ್ಟಿಲಿಗೆ ಪದ ಹೇಳಿದ್ದು ಯಾರು, ಅವಳ ಮದುವೆಗೆ ದನಿ ಒಡೆಯುವಷ್ಟು ಹೇಳಿ ಎಂಟು ದಿನ ಬಿಸಿನೀರು ಕುಡಿದದ್ದು ಯಾರು, ಇವತ್ತು ಗುರುವಾರ, ಎಲೆ ಬಂದಿಲ್ಲ. ಬರುವುದೂ ಇಲ್ಲ. ಅರ್ಧ ಹೋದ ಕಡೆಗೆ ಹೋಯಿತಲ್ಲ. ಏಯ್, ಏಣಿ ಹಿಡ್ಕಳೆ, ಎಲ್ಲಿ ನೋಡ್ತೆ ನೀನು — ಬೊಮ್ಮ ಮೇಲಿಂದ ಕೂಗುತ್ತಾನೆ, ಹೊನ್ನಮ್ಮನ ಗಂಡ, ಏಣಿಯ ಮೇಲೆ ನಿಂತು ಮಳೆಗಾಲಕ್ಕೆ ಗೋಡೆಗೆ ಕಟ್ಟಿದ್ದ ತೆಂಗಿನ ಮಡಲ ತಟ್ಟಿ ಬಿಚ್ಚುತ್ತಿದ್ದಾನೆ, ಕಪ್ಪಾದ ತಟ್ಟಿಯಿಂದ ಜಿರಳೆ ಉದುರುತ್ತವೆ, ನಾಲ್ಕು ತಿಂಗಳಿಂದ ಬೆಳಕು ಕಾಣದ ಗೋಡೆ ಕಣ್ಣು ಕಿರಿದು ಮಾಡಿದ ಹಾಗೆ ಕಾಣುತ್ತದೆ. ಏಣಿಯೇ ನಿನ್ನ ಹಿಡೀಲಿ, ಎಂದಳು ಹೊನ್ನಮ್ಮ, ನಾ ಕುಮಟೆಗೆ ಹೋಗ್ಬೇಕು, ಬಾಗಿಲಿಗೆ ಚಿಲಕ ತರೂಕೆ. ಬಾಗ್ಲು ನೀರು ಕುಡ್ದು ಉಬ್ಬಿದ್ದಲ್ಲನೆ, ಚಿಲಕ ಎಂತ ಮಾಡ್ತದೆ? ಮೊನ್ನೆ ಮಿಲ್ಲು, ನಿನ್ನೆ ರೇಷನ್ನು, ಇವತ್ತು ಚಿಲಕ, ನಾಳೆ ಎಂತ, ವಿಮಾನನಾ? ಮತ್ತೆ, ಮಂಜಿ ಬಂದು ಹೋತು ನಿನ್ನೆ. ಎಂತಕ್ಕೆ? ನನ್ನತ್ರ ಹೇಳ್ಲಿಲ್ಲ. ಏಣಿ ಕೇಳಲು ಬಂದಿರಬೇಕು, ಇಲ್ಲವೇ ಸೊಸೆಯ ದನಿ ಹೊಗಳಲು, ಹೊನ್ನಮ್ಮ ಸೀರೆ ಬದಲಿಸಿದಳು, ಟಪ್ ಟಪ್ ಕೇಳದ ಕಡೆ ಎಲ್ಲಿಯಾದರೂ ಸರಿ, ಈ ಮೂರು ದಿನ ಅವಳು ಮನೆ ಬಿಟ್ಟದ್ದೇ ಬೇಲಿಯಾಚೆಯದು ಕಾಣಬಾರದು ಕೇಳಬಾರದು ಎಂದು.

ಬಸ್ಸಿನಲ್ಲಿ ಕಿಟಕಿಯಾಚೆ ಗದ್ದೆ ಹಳದಿಗೆ ತಿರುಗುತ್ತಿದೆ, ಬಿಸಿಲು ಹೊಸ ಸೊಸೆಯ ಹಾಗೆ ಚುರುಕಾಗಿದೆ — ಥೂ, ಸೊಸೆ ಎಲ್ಲಿಂದ ಬಂದಳು ಇಲ್ಲಿಗೆ. ಅಂಗಡಿಯಲ್ಲಿ ಚಿಲಕ ಸಣ್ಣದು ದೊಡ್ಡದು ಹಿತ್ತಾಳೆಯದು ಕಬ್ಬಿಣದ್ದು, ಅಂಗಡಿಯವನು ಫೋನಿನಲ್ಲಿ ಕೊಂಕಣಿಯಲ್ಲಿ ಯಾರಿಗೋ ಬೈಯುತ್ತಲೇ ಒಂದೊಂದಾಗಿ ಎದುರಿಗಿಡುತ್ತಾನೆ, ಎಂತದಕ್ಕೆ ಅಮ್ಮ, ಮುಂದಿನ ಬಾಗ್ಲಿಗಾ ಹಿಂದಿನದಕ್ಕಾ? ಮುಂದಿನ ಬಾಗಿಲಿಗೆ, ಯಾರೂ ಬರಬಾರದು ಹಂಗಿದ್ದು ಕೊಡಿ. ಅವನು ನಕ್ಕ, ಹೊನ್ನಮ್ಮ ನಗಲಿಲ್ಲ. ಪೇಟೆಯಲ್ಲಿ ಎಲೆ ಮಾರುವವಳ ಬುಟ್ಟಿ, ಕಟ್ಟು ಕಟ್ಟು ಎಲೆ, ನೀರು ಚಿಮುಕಿಸಿದ್ದು, ಎಲ್ಲವೂ ಇಡೀ ಎಲೆ, ಆದರೆ ನೋಡಿದ್ದೆಲ್ಲ ಅರ್ಧ ಅರ್ಧ ಕಾಣುತ್ತದೆ, ಒಂದು ಅರ್ಧ, ಬೆರಳಿಗೆ ಕೆಂಪು ಹಚ್ಚಿಕೊಂಡ ವಿನುತಾಳ ಎಳೆಯ ಕೈಯಲ್ಲಿ. ಚಿಕ್ಕೀ! ಹತ್ತು, ಊರಿಗೇ ಹೋಗೂದು — ಉಮೇಶ, ರಿಕ್ಷಾ ನಿಲ್ಲಿಸಿದ್ದಾನೆ, ಬೇಡ ಎನ್ನುವಷ್ಟರಲ್ಲಿ ಚೀಲ ಕಸಿದು ಒಳಗಿಟ್ಟ. ಚಿಕ್ಕಿ, ನೀ ದಿನಾ ಎಲ್ಲಿ ಹೋತೆ, ಅವ್ವಿ ಕೇಳ್ತೇ ಇತ್ತು. ಕೇಳದೆ ಏನು, ಹೊಟ್ಟೆ ಉರಿದದ್ದು ಎಷ್ಟು ಎಂದು ಅಳೆದು ನೋಡಬೇಕಲ್ಲ. ಐತವಾರ ಗಮ್ಮತ್ತದೆ ಚಿಕ್ಕಿ, ನಮ್ ವಿನುತಾನೂ ಪದ ಕಲೀತಾ ಅದೆ, ಅವ್ವಿ ಬೆನ್ನಿಗೆ ಕೂತ್ಕಂಡು. ಅಷ್ಟೇ. ಅಷ್ಟು ಹೇಳಿ ಅವನು ಗೇರು ಬದಲಿಸಿದ, ಹೊನ್ನಮ್ಮನ ಬಾಯಿ ತಾನೇ ತೆರೆಯಿತು, ಐತವಾರ ನಾ ಇರೂದಿಲ್ಲ ಮಾರಾಯ, ಹೊನ್ನಾವರದಲ್ಲಿ ನನ್ನ ಪದ ಅದೆ. ಹೌದಾ ಚಿಕ್ಕಿ? ಹೌದಾ ಅಂತ ಕೇಳ್ತ್ಯಾ, ಕರೆಯೂಕೆ ಮೂರು ಜನ ಬಂದಿದ್ರು, ಪ್ಯಾಂಟಿನವರು. ಕುಮಟೆಯ ಪೇಟೆ ದಾಟುವಾಗ ಸುಳ್ಳು ಅಂಗೈಯಷ್ಟಿತ್ತು, ಹಂದಿಗೋಣಕ್ಕೆ ಬರುವಾಗ ಅದಕ್ಕೆ ಕಾರು ಬಂತು, ಬಿಳಿ ಕಾರು, ಮನೆ ಬಾಗಿಲಿಗೇ ಬರುತ್ತದೆ, ಆಮೇಲೆ ಮೈಕು, ಆಮೇಲೆ ಐನೂರು ಕುರ್ಚಿ, ಧಾರೇಶ್ವರದ ತಿರುವಿಗೆ ಕುರ್ಚಿ ಸಾವಿರವಾಗಿ ಜನ ಸಾಲದೆ ಮರದ ಮೇಲೆ ಹತ್ತಿ ಕೂತರು, ಶಾಲು ಹೊದೆಸುತ್ತಾರೆ, ಟೀವಿಯವರು ಬರುತ್ತಾರೆ. ಉಮೇಶ ಹಿಂದೆ ತಿರುಗಿ ತಿರುಗಿ ನೋಡುತ್ತ ರಿಕ್ಷಾವನ್ನು ಎಮ್ಮೆಯ ಮೈಮೇಲೇ ಹತ್ತಿಸುತ್ತಿದ್ದ. ಅವ್ವಿಗೆ ಹೇಳ್ತೆ ಚಿಕ್ಕಿ! ಹೇಳು, ಹೇಳು ಮಾರಾಯ, ಮರೀಬೇಡ. ಎಷ್ಟು ಸಿಹಿ, ಬಾಯಲ್ಲಿ ಬೆಲ್ಲ ಕರಗಿದಷ್ಟು ಸಿಹಿ, ಈಗ ಉರಿಯಲಿ ಬೇಲಿಯಾಚೆ.

ಮೂರು ಗಂಟೆಗೆ ತಟ್ಟಿ ಎಲ್ಲ ಕೆಳಗಿಳಿದಿವೆ, ಬೊಮ್ಮ ಚಿಲಕ ಹೊಡೆದ, ಬಾಗಿಲು ಮಾತ್ರ ಚೌಕಟ್ಟಿಗೆ ಕೂರುವುದಿಲ್ಲ, ಒಂದು ಬೆರಳಷ್ಟು ತೆರೆದೇ ನಿಲ್ಲುತ್ತದೆ, ನಾ ಹೇಳಿದ್ದಲ್ಲನೆ ಎಂದು ಅವನು ದನ ಹೊಡೆದುಕೊಂಡು ಹೋದ. ಬೇಲಿಯಾಚೆ ಈಗ ಸದ್ದಿಲ್ಲ, ಅವರ ಅಂಗಳ ಮುಗಿದಿರಬೇಕು. ಹೊನ್ನಮ್ಮ ಮಣ್ಣಿಗೆ ನೀರು ಚಿಮುಕಿಸಿ ತನ್ನ ಮಣೆ ತಂದು ಕೂತಳು. ಟಪ್. ಖಾಲಿ. ಟಪ್. ಖಾಲಿ. ಒಬ್ಬಳೇ ಬಡಿದರೆ ಅಂಗಳ ಒಂದು ಕಡೆ ಉಬ್ಬುತ್ತದೆ, ಭತ್ತ ಬಡಿದಾಗ ಕಾಳೆಲ್ಲ ಉರುಳಿ ಹೋಗುತ್ತದೆ, ಹೋಗಲಿ, ಸಾವಿರ ಕುರ್ಚಿಯ ಮುಂದೆ ಹೇಳುವವಳಿಗೆ ಅಂಗಳ ಯಾಕೆ, ಒಂದು ಪದ ಎತ್ತಿ ನೋಡೋಣ, ಬಿಳಿ ಕಾರು ಬಂದಿದೆ, ಮೈಕು ಬಾಯಿಯ ಮುಂದಿದೆ, ಎಲ್ಲರೂ ಸುಮ್ಮನಾಗಿದ್ದಾರೆ — ಬಾಯಿ ತೆರೆದಳು. ಏನೂ ಬರಲಿಲ್ಲ. ಹೂ ಮುಡಿಸುವ ಪದ, ನೂರು ಸಲ ಹೇಳಿದ್ದು, ಮೊದಲ ಸಾಲು ಎಲ್ಲಿ? ಮಂಜಿಯ ದನಿ ಎತ್ತಿದರೆ ಬೆನ್ನಿಗೇ ಬರುತ್ತಿತ್ತು, ಯೋಚನೆ ಮಾಡದೆ ಬರುತ್ತಿತ್ತು, ಅವಳ ದನಿಯಿಲ್ಲದೆ ಹೊನ್ನಮ್ಮನ ಬಾಯಲ್ಲಿ ಒಂದು ಪದವೂ ಹುಟ್ಟುವುದಿಲ್ಲ, ಮೂವತ್ತಾರು ವರ್ಷದಲ್ಲಿ ಒಮ್ಮೆಯೂ ತಾನು ಮೊದಲು ಬಾಯಿ ತೆರೆದವಳಲ್ಲ.

ಅಬ್ಬಾ, ಸಿಕ್ಕಿದ್ಯಲೆ ಇವತ್ತು — ಮಂಜಿ. ಒಂದು ಕಂಕುಳಲ್ಲಿ ಮಣೆ, ಕೈಯಲ್ಲಿ ಸಂಚಿ. ಕೂತಳು, ಕೆರೆದು ಬೆಳ್ಳಗಾದ ಮೆಟ್ಟಿಲ ಮೇಲೆ. ಮೂರು ದಿನ ಬಂದೆ ಹೊನ್ನಿ, ಮೂರು ದಿನವೂ ನೀ ಇಲ್ಲ, ಬೊಮ್ಮಣ್ಣನ ಕೈಗೆ ಕೊಡೂದಾ ಇದನ್ನ? ಅಂಗಳ ಆಗ್ಬೇಕಲ್ಲ ಐತವಾರಕ್ಕೆ, ಕಾದು ಕಾದು ಇವತ್ತು ಆ ಹುಡುಗಿನ್ನೇ ಕೂರಿಸ್ದೆ, ಮಣೆ ಹಿಡಿಯೂಕೆ ಬರೂದಿಲ್ಲ, ಬೆರಳು ಜಜ್ಜಿಕೊಂಡದೆ ಪಾಪ, ಸೋಮವಾರದಿಂದ ಕೆಮ್ಮು ಬೇರೆ, ಅರ್ಧ ಎಲೆಲಿ ಮೆಣಸಿನ ಕಾಳು ಕಟ್ಟಿ ಅಗೀ ಅಂದ್ರೂ ಕಡಿಮೆ ಆಗ್ಲಿಲ್ಲ. ಮಾತಾಡುತ್ತಲೇ ಎಲೆ ತೆಗೆದಳು, ಸೀರೆಗೆ ಒರೆಸಿದಳು, ಉಗುರು ಎಳೆದಳು, ಸರ್ರನೆ ಹರಿಯಿತು, ಎರಡು ಅರ್ಧ, ಎರಡು ಕೈಯಲ್ಲಿ. ಹೊನ್ನಮ್ಮನ ಅಂಗೈ ಮಣ್ಣಾಗಿತ್ತು, ಸೀರೆಗೆ ಒರೆಸುತ್ತಿದ್ದಳು, ಅಷ್ಟರಲ್ಲಿ ಮಂಜಿ, ಅಲ್ಲ ಹೊನ್ನಿ, ಉಮೇಶ ಎಂತೆಂತೋ ಹೇಳ್ದ, ಹೊನ್ನಾವರ, ಬಿಳಿ ಕಾರು, ಐತವಾರವೇ ಅಂತೆ, ಹೌದನೆ? ಸುಳ್ಳಿ ಎಂದು ನಗಲಿ, ಈಗ ನಗಲಿ, ಒಂದು ಸಲ ನಕ್ಕರೆ ಸಾಕು, ನಾನೂ ನಕ್ಕುಬಿಡುತ್ತೇನೆ — ಮಂಜಿ ನಗಲಿಲ್ಲ, ಕಾಯುತ್ತಿದ್ದಳು, ಬಾಗಿದ ಕುತ್ತಿಗೆ, ಕೆಂಪು ತುಟಿ, ಬೇಲಿಯಾಚೆ ವಿನುತಾ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ, ಅವಳ ಎದುರಿಗೆ ಹೇಗೆ ಹೇಳುವುದು, ಹೌದು ಎಂದಳು ಹೊನ್ನಮ್ಮ. ಮೊದ್ಲು ಯಾರೆ ಎತ್ತೂದು ಅಲ್ಲಿ? ಮಂಜಿ ಕೇಳಿದಳು. ನಾನೇ. ನೀನೇ? ನಾನೇ ಎತ್ತೂದು. ಮಂಜಿ ಎರಡು ಅರ್ಧ ಹಿಡಿದ ಕೈಗಳನ್ನು ಮಡಿಲಿಗಿಳಿಸಿದಳು. ಆತು ಮಾರಾಯ್ತಿ, ಒಳ್ಳೇದಾತು, ನಿಂಗೂ ಒಂದು ಸಲ ಎತ್ತಬೇಕಂತ ಇರ್ತದೆ, ನನಗೆ ಗೊತ್ತಾಗ್ಲಿಲ್ಲ ಇಷ್ಟು ವರ್ಷ. ನೀ ಬರೂದಿಲ್ಲ ಅಂತ ಸುಷ್ಮಾಗೆ ನಾ ಹೇಳ್ತೆ. ಹೇಳು ಹೊನ್ನಮ್ಮ, ಈಗ ಹೇಳು, ಎಂದು ತನಗೆ ತಾನೇ ಅಂದುಕೊಂಡಳು, ಕಾರಿಲ್ಲ, ಕುರ್ಚಿಯಿಲ್ಲ, ಮೊದಲ ಸಾಲೇ ಇಲ್ಲ ನನ್ನ ಬಳಿ, ಬಾಯಿ ತೆರೆದೇ ಇದೆ, ಒರೆಸಿದ ಅಂಗೈ ಮುಂದೆ ಚಾಚಿಯೇ ಇದೆ, ಯಾರಾದರೂ ಎತ್ತಿಕೊಡಬೇಕು, ಮಂಜಿ ಎರಡು ಅರ್ಧವನ್ನೂ ಒಂದರ ಮೇಲೊಂದು ಇಟ್ಟಳು, ಸುಣ್ಣ ಸವರಿದಳು, ಅಡಿಕೆ ಹಾಕಿ ಮಡಚಿ ತನ್ನ ಬಾಯಿಗೇ ಇಟ್ಟುಕೊಂಡಳು, ಎರಡೂ ಅರ್ಧ, ಒಂದೇ ಬಾಯಿಗೆ, ಎರಡೂ ಅರ್ಧ ಎಲೆ, ಒಂದೇ ಬಾಯಿಗೆ —