ಪುಷ್ಪವೃಷ್ಟಿಯ ಕ್ಲಿಪ್ಪು

ನನ್ನ ಗಂಡ ಧೀರಜ್‌ಗೆ ಒಂದು ಕಾಯಿಲೆ ಇದೆ. ಅವನು ಮಾಡಿದ ವಸ್ತುವಿನಲ್ಲಿ ಏನೋ ತಪ್ಪಿದೆ ಎಂದು ಯಾರಾದರೂ ಹೇಳಿದರೆ ಸಾಕು, ಹೇಳಿದವರು ಯಾರು, ಯಾಕೆ ಹೇಳಿದರು ಎಂದು ನೋಡುವ ವ್ಯವಧಾನವೇ ಇರುವುದಿಲ್ಲ. ಮೊದಲು ಥ್ಯಾಂಕ್ಸ್ ಹೇಳುತ್ತಾನೆ, ಆಮೇಲೆ ಸರಿಮಾಡಿಕೊಡುತ್ತೇನೆಂದು ಮಾತು ಕೊಡುತ್ತಾನೆ, ಅದೆಲ್ಲ ಆದ ಮೇಲೆ ಕೂತು ಓದುತ್ತಾನೆ. ಇಷ್ಟು ವರ್ಷ ಎಂಜಿನಿಯರ್ ಕೆಲಸ ಮಾಡಿದ್ದಕ್ಕೆ ಹೀಗಾದನೋ, ಹುಟ್ಟುವಾಗಲೇ ಹೀಗಿದ್ದನೋ, ಮೈಸೂರಿನಲ್ಲಿರುವ ನಮ್ಮತ್ತೆಯನ್ನು ಕೇಳಬೇಕು. ಹೋದ ಜನವರಿಯಲ್ಲಿ ಈ ಕಾಯಿಲೆ ನಮ್ಮ ಮನೆಯ ನೆಮ್ಮದಿಯನ್ನೆಲ್ಲ ತಿಂದುಹಾಕಿತು.

ಶುರುವಾದದ್ದು ಹೂವಿನಿಂದ. ಅದರ ಹಿಂದಿನ ವರ್ಷ ಅಟ್ಲಾಂಟಾ ಪಕ್ಕದ ಕಮ್ಮಿಂಗ್‌ನ ನಮ್ಮ ದೇವಸ್ಥಾನದಲ್ಲಿ ಕುಂಭಾಭಿಷೇಕ ಇಟ್ಟುಕೊಂಡಿದ್ದರು. ಕಮಿಟಿಯ ಗೋಪಿನಾಥ ಅಂಕಲ್‌ಗೆ ಹೆಲಿಕಾಪ್ಟರಿನಿಂದ ಕಳಶದ ಮೇಲೆ ಪುಷ್ಪವೃಷ್ಟಿ ಮಾಡಿಸಬೇಕೆಂದು ಮಹದಾಸೆ. ಅದಕ್ಕೆ ಪರ್ಮಿಷನ್ ಸಿಗಲಿಲ್ಲ. ಅಂಕಲ್ ಮುಖ ಸಣ್ಣ ಮಾಡಿಕೊಂಡು ಓಡಾಡುವುದನ್ನು ನೋಡಲಾರದೆ, "ನಮ್ಮನೇಲಿ ಡ್ರೋನ್ ಇದೆ ಅಂಕಲ್, ಧೀರಜ್ ಏನಾದ್ರೂ ಮಾಡ್ತಾರೆ," ಎಂದು ನಾನೇ ಹೇಳಿದೆ. ಗಂಡನನ್ನು ಕೇಳದೆ ಅವನ ಪರವಾಗಿ ಒಪ್ಪಿಕೊಳ್ಳುವುದು ನನ್ನ ಕಾಯಿಲೆ.

ಧೀರಜ್ ಗರಾಜಿನಲ್ಲಿ ಕೂತು ತ್ರೀಡಿ ಪ್ರಿಂಟರಿನಲ್ಲಿ ಒಂದು ಕ್ಲಿಪ್ಪು ಮಾಡಿದ. ಅಂಗೈಯಲ್ಲಿ ಹಿಡಿಸುವಂಥದು, ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕು. ಡ್ರೋನಿನ ಹೊಟ್ಟೆಯ ಕೆಳಗೆ ಅದನ್ನು ಸಿಕ್ಕಿಸಿ, ಅದರ ಬಾಯಿಗೆ ಹೂವಿನ ಬುಟ್ಟಿಯ ಒಂದು ಕಿವಿ ಕಚ್ಚಿಸಿ, ಇನ್ನೊಂದನ್ನು ಡ್ರೋನಿಗೇ ಕಟ್ಟುವುದು. ಕೆಳಗಿನಿಂದ ಬಟನ್ ಒತ್ತಿದರೆ ಟಕ್ಕೆಂದು ಬಾಯಿ ಬಿಟ್ಟು ಬುಟ್ಟಿ ಮಗುಚುತ್ತದೆ. ಕ್ಲಿಪ್ಪಿನ ಬೆನ್ನ ಮೇಲೆ ಪುಟ್ಟದಾಗಿ ಶ್ರೀ ಎಂದು ಉಬ್ಬಕ್ಷರ ಮೂಡಿಸಿದ್ದ. ಯಾವ ಕೆಲಸಕ್ಕೂ ಮೊದಲು ಶ್ರೀ ಬರೆಯದಿದ್ದರೆ ಅವನಿಗೆ ಕೈ ಓಡುವುದಿಲ್ಲ. ಆಫೀಸಿನ ಸ್ಲೈಡುಗಳಲ್ಲೂ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಯಾರಿಗೂ ಕಾಣದ ಹಾಗೆ, ಮೂಲೆಯಲ್ಲಿ ಬರೆದಿರುತ್ತಾನೆ.

ಆ ದಿನ ಕಳಶದ ಮೇಲೆ ಗುಲಾಬಿ ದಳ, ಸೇವಂತಿಗೆ ದಳ ಉದುರಿದಾಗ ಆಂಟಿಯರೆಲ್ಲ ಕಣ್ಣೊರೆಸಿಕೊಂಡರು. ಗೋಪಿನಾಥ ಅಂಕಲ್ ಧೀರಜ್‌ಗೆ ಶಾಲು ಹೊದಿಸಿದರು. ಬೇರೆ ಊರಿನ ದೇವಸ್ಥಾನದವರಿಗೂ ಉಪಯೋಗವಾಗಲಿ ಎಂದು ಇವನು ಕ್ಲಿಪ್ಪಿನ ಡಿಸೈನ್ ಅನ್ನು ಇಂಟರ್‌ನೆಟ್ಟಿನಲ್ಲಿ ಹಾಕಿದ, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ಪ್ರಿಂಟ್ ಮಾಡಿಕೊಳ್ಳಬಹುದು ಎಂದು. ಇಳಿಸಿಕೊಂಡವರ ಸಂಖ್ಯೆ ಸಾವಿರ ದಾಟಿದಾಗ ಮನೆಯವರಿಗೆಲ್ಲ ತೋರಿಸಿದ. ಪ್ರಪಂಚದಲ್ಲಿ ಇಷ್ಟೊಂದು ಕಡೆ ಪುಷ್ಪವೃಷ್ಟಿ ನಡೆಯುತ್ತಿದೆಯಲ್ಲ ಎಂದು ನಾವಿಬ್ಬರೂ ಖುಷಿಪಟ್ಟೆವು. ನಮ್ಮಷ್ಟು ಪೆದ್ದರು ಯಾರಾದರೂ ಇದ್ದಾರೆಯೇ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಆ ಡಿಸೈನಿನ ಪುಟದಲ್ಲಿ ಒಂದು ಕಾಮೆಂಟು ಬಂತು. ಬರೆದವನ ಹೆಸರಿಲ್ಲ, ಹೆಸರಿನ ಜಾಗದಲ್ಲಿ ಒಂದು ಗೂಬೆಯ ಚಿತ್ರ. ಅವನ ಇಂಗ್ಲಿಷು ಯಂತ್ರದಿಂದ ತರ್ಜುಮೆಯಾದದ್ದು ಎಂದು ನೋಡಿದರೆ ತಿಳಿಯುತ್ತಿತ್ತು. ನಿಮ್ಮ ಕ್ಲಿಪ್ಪು ಚೆನ್ನಾಗಿದೆ, ಆದರೆ ಚಳಿ ಹೆಚ್ಚಾದರೆ ಬಾಯಿ ಬಿಡುವುದಿಲ್ಲ, ದಯವಿಟ್ಟು ಸರಿಮಾಡಿ ಎಂದಿತ್ತು. ಧೀರಜ್ ತನ್ನ ಅಭ್ಯಾಸದಂತೆ ಅಲ್ಲೇ ಕೆಳಗೆ, ತಿಳಿಸಿದ್ದಕ್ಕೆ ಧನ್ಯವಾದ, ಮುಂದಿನ ವರ್ಷನ್‌ನಲ್ಲಿ ಖಂಡಿತ ಸರಿಮಾಡುತ್ತೇನೆ, ನಿಮ್ಮದು ಯಾವ ದೇವಸ್ಥಾನ ಎಂದು ಬರೆದ.

ಉತ್ತರ ಬಂದಾಗ ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಧೀರಜ್ ಫೋನನ್ನು ನನ್ನ ಮುಖದ ಮುಂದೆ ಹಿಡಿದ. ಅದೊಂದು ಫೋಟೋ. ಮರದ ಪೆಟ್ಟಿಗೆಗಳ ಮೇಲೆ ಒಂದು ಡ್ರೋನು, ಅದರ ಹೊಟ್ಟೆಯಲ್ಲಿ ನಮ್ಮ ಕಿತ್ತಳೆ ಕ್ಲಿಪ್ಪು, ಕ್ಲಿಪ್ಪಿನ ಬಾಯಲ್ಲಿ ಹಸಿರು ಬಣ್ಣದ ದಪ್ಪನೆಯ ಕಬ್ಬಿಣದ ತುಂಡು. ಅದಕ್ಕೆ ಮೀನಿನ ಬಾಲದಂಥ ಬಾಲ. ಹಿಂದೆ ಮಣ್ಣಿನ ಗೋಡೆ, ಹಿಮ. ಕೆಳಗೆ ಬರೆದಿದ್ದ: "ಹೋದ ವಾರ ಒಂದು ಬೀಳದೆ ಹಾಗೇ ವಾಪಸ್ ಬಂತು. ಬಿಡಿಸಲು ಹೋದ ನನ್ನ ಗೆಳೆಯನ ಬಲಗೈ ಹೋಯಿತು. ನೀವು ಸರಿಮಾಡುತ್ತೀರೆಂದು ಹೇಳಿದೆ. ಆಸ್ಪತ್ರೆಯಲ್ಲಿ ಅವನೂ ಸಂತೋಷಪಟ್ಟ."

"ಇದು ಯುಕ್ರೇನ್ ಯುದ್ಧ ಕಣೆ," ಎಂದ ಧೀರಜ್.

"ಯಾವ ಕಡೆಯವನು ಇವನು?"

"ಬರ್ದಿಲ್ಲ."

"ಕೇಳು ಮತ್ತೆ."

"ಕೇಳಿ? ಈ ಕಡೆ ಅಂದ್ರೆ ಫಿಕ್ಸ್ ಮಾಡ್ಲಾ, ಆ ಕಡೆ ಅಂದ್ರೆ ಬಿಡ್ಲಾ? ಕೈ ಹೋಗಿದೆ ರಚನಾ."

ರವೆ ಸೀದುಹೋಯಿತು. ಅವತ್ತು ನಾವು ಹಾಲಿಗೆ ಸೀರಿಯಲ್ ಹಾಕಿಕೊಂಡು ತಿಂದೆವು.

ಆಮೇಲೆ ನಮ್ಮ ಮನೆಯಲ್ಲಿ ಯಾರೂ ಒಂದು ಕಡೆ ಕೂರಲಿಲ್ಲ. ಧೀರಜ್ ಮೀಟಿಂಗುಗಳನ್ನೆಲ್ಲ ನಡೆದಾಡುತ್ತಲೇ ಮಾಡಿದ, ಅಡಿಗೆಮನೆಯಿಂದ ಗರಾಜಿಗೆ, ಗರಾಜಿನಿಂದ ಅಡಿಗೆಮನೆಗೆ. ನಾನು ಬಟ್ಟೆ ಮಡಿಸಲು ಕೂತು ಅರ್ಧಕ್ಕೆ ಎದ್ದು ಫೋನು ಹುಡುಕುತ್ತಿದ್ದೆ. ಪಕ್ಕದ ಮನೆಯ ಹುಲ್ಲು ನೋಡಿಕೊಳ್ಳುವವನು ಎಲೆ ಊದುವ ಮಿಷನ್ನು ಶುರು ಮಾಡಿದರೆ ಡ್ರೋನೇ ಬಂತೇನೋ ಎಂದು ಇಬ್ಬರೂ ತಲೆಯೆತ್ತಿ ಸೀಲಿಂಗ್ ನೋಡುತ್ತಿದ್ದೆವು. ಹತ್ತು ವರ್ಷದ ಮಗಳು ಅಕ್ಷಯಾ ಒಂದು ಸಂಜೆ ಫ್ರೀಜರಿನ ಬಾಗಿಲು ತೆರೆದು ನಿಂತು, "ಅಮ್ಮಾ, ವೈ ಈಸ್ ಅಪ್ಪಾಸ್ ಥಿಂಗ್ ನೆಕ್ಸ್ಟ್ ಟು ದ ಕೊಕೊನಟ್?" ಎಂದಳು. ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯಿಂದ ತಂದ ತೆಂಗಿನತುರಿಯ ಪ್ಯಾಕೆಟ್ಟುಗಳ ನಡುವೆ ಕಿತ್ತಳೆ ಕ್ಲಿಪ್ಪುಗಳು ಸಾಲಾಗಿ ಮಲಗಿದ್ದವು. ಗರಾಜಿಗೆ ಹೋಗಿ ಅವನನ್ನು ಹಿಡಿದುಕೊಂಡೆ.

"ಫಿಕ್ಸ್ ಮಾಡಲ್ಲ ಅಂದೆಯಲ್ಲ."

"ನಿಂಗೆ ಮಾಡ್ತೀನಿ ಅಂತಾನೂ ಹೇಳಿಲ್ಲ, ಮಾಡಲ್ಲ ಅಂತಾನೂ ಹೇಳಿಲ್ಲ. ಯಾಕೆ ಸ್ಟಕ್ ಆಗತ್ತೆ ಅಂತ ನೋಡ್ತಾ ಇದೀನಿ ಅಷ್ಟೇ."

"ಗೊತ್ತಾಯ್ತಾ?"

"ಗೊತ್ತಾಯ್ತು. ಕೂದಲೆಳೆಯಷ್ಟು ಡಿಫರೆನ್ಸು. ಹೊಸ ಫೈಲ್ ರೆಡಿ ಇದೆ, ಅಪ್‌ಲೋಡ್ ಮಾಡ್ಬೇಕು ಅಷ್ಟೇ."

"ಮಾಡಿದ್ರೆ ಸರಿಯಾಗಿ ಬೀಳತ್ತೆ. ಎಲ್ಲಿ ಬೀಳತ್ತೆ ಅಂತ ಯೋಚ್ನೆ ಮಾಡಿದ್ಯಾ?"

"ಮಾಡದೇ ಇದ್ರೆ ಬೀಳಲ್ಲ, ವಾಪಸ್ ಬರತ್ತೆ. ಯಾರ ಕೈಗೆ ಬರತ್ತೆ ಅಂತ ನೀನು ಯೋಚ್ನೆ ಮಾಡಿದ್ಯಾ?"

ಅಷ್ಟು ಹೇಳಿ ಮತ್ತೆ ನಡೆಯತೊಡಗಿದ. ಪುಟವನ್ನೇ ತೆಗೆದುಹಾಕು ಎಂದೆ. ಈಗಾಗಲೇ ಇಳಿಸಿಕೊಂಡವರ ಹತ್ತಿರ ಇದ್ದೇ ಇರುತ್ತದೆ, ಪುಟ ತೆಗೆದರೆ ಸರಿಮಾಡುವ ದಾರಿಯೂ ಮುಚ್ಚುತ್ತದೆ ಎಂದ. ನನಗೆ ಕೋಪ ಬಂತು. ಅವನ ಮೇಲೋ, ಗೂಬೆಯ ಮೇಲೋ, ಹೆಲಿಕಾಪ್ಟರಿಗೆ ಒಪ್ಪಿಗೆ ಕೊಡದವರ ಮೇಲೋ ಗೊತ್ತಾಗಲಿಲ್ಲ. ಹತ್ತಿರ ಇದ್ದದ್ದು ಅವನು, ಅವನನ್ನೇ ಬೈದೆ.

ವಾರ ಕಳೆದ ಮೇಲೆ ಎರಡನೆಯವನು ಬರೆದ. ಇವನು ಖಾಸಗಿಯಾಗಿ ಬರೆದಿದ್ದ. ಇವನೂ ಹೆಸರು ಹೇಳಲಿಲ್ಲ, ಯಾವ ಕಡೆಯೆಂದೂ ಹೇಳಲಿಲ್ಲ. ಆ ಪತ್ರವನ್ನು ಎಷ್ಟು ಸಲ ಓದಿದೆನೋ, ಈಗ ಬಾಯಿಪಾಠವೇ ಆಗಿದೆ.

"ನಾನು ಕಂದಕದಲ್ಲಿದ್ದೇನೆ. ನನ್ನ ಮುತ್ತಜ್ಜನೂ ಒಂದು ಯುದ್ಧದಲ್ಲಿ ಕಂದಕದಲ್ಲಿದ್ದ. ಆಳವಾಗಿ ತೋಡಿಕೊಂಡು ತಲೆ ತಗ್ಗಿಸಿದರೆ ಗುಂಡು ಮೇಲೆ ಹಾದುಹೋಗುತ್ತದೆ ಎಂದು ಅವನು ಹೇಳುತ್ತಿದ್ದನಂತೆ. ಈಗ ಎಷ್ಟು ಆಳ ತೋಡಿದರೂ ಆಕಾಶ ಒಳಗೆ ಇಣುಕುತ್ತದೆ. ಮೇಲೆ ಮೀನಿನ ಬಲೆ ಹರಡಿದ್ದೇವೆ. ಮಂಜು ಕವಿದರೆ ಮಾತ್ರ ಹೊರಗೆ ಹೋಗುತ್ತೇವೆ, ಮಂಜಿಗಾಗಿ ಪ್ರಾರ್ಥಿಸುತ್ತೇವೆ. ನೀರು, ಬ್ರೆಡ್ಡು ಡ್ರೋನಿನಲ್ಲೇ ಬರುತ್ತದೆ, ಸಾವೂ ಅದೇ ಸದ್ದಿನಲ್ಲಿ ಬರುತ್ತದೆ, ಯಾವುದು ಬಂತೆಂದು ಮೇಲೆ ನೋಡಿದ ಮೇಲೇ ತಿಳಿಯುವುದು. ಗಾಯವಾದವನನ್ನು ಹೊತ್ತೊಯ್ಯಲು ಯಾರೂ ಬರಲಾರರು. ಹೋದ ತಿಂಗಳು ಒಂದು ಡ್ರೋನು ಸರಿಯಾಗಿ ನನ್ನ ಮೇಲೆ ನಿಂತಿತು. ಓಡಲು ಜಾಗವಿರಲಿಲ್ಲ. ಅಂಗಾತ ಮಲಗಿ ಅದನ್ನೇ ನೋಡುತ್ತಿದ್ದೆ. ಏನೂ ಬೀಳಲಿಲ್ಲ. ಅದು ತುಂಬ ಹೊತ್ತು ಅಲ್ಲೇ ನಿಂತಿದ್ದು, ಬ್ಯಾಟರಿ ಮುಗಿದು, ಪಕ್ಕದ ಹಿಮದಲ್ಲಿ ಬಿತ್ತು. ನಮ್ಮವರು ಅದನ್ನು ಬಿಚ್ಚಿದಾಗ ಇದು ಸಿಕ್ಕಿತು. ಫೋಟೋ ಹಾಕಿ ಹುಡುಕಿ ನಿಮ್ಮ ಪುಟಕ್ಕೆ ಬಂದೆ. ಚಳಿಯಲ್ಲಿ ಅಂಟಿಕೊಳ್ಳುವುದನ್ನು ಸರಿಮಾಡುತ್ತೇನೆಂದು ಅಲ್ಲಿ ಯಾರಿಗೋ ಬರೆದಿದ್ದೀರಿ. ದಯವಿಟ್ಟು ಸರಿಮಾಡಬೇಡಿ."

ಫೋಟೋದಲ್ಲಿ ಹರಿದ ಕೈಗವಸಿನ ಮೇಲೆ ನಮ್ಮ ಕ್ಲಿಪ್ಪು ಇತ್ತು. ಶ್ರೀ ಅಕ್ಷರದ ಸಂದುಗಳಲ್ಲೆಲ್ಲ ಕೆಸರು ತುಂಬಿತ್ತು. ಕೊನೆಯಲ್ಲಿ ಒಂದು ಪ್ರಶ್ನೆ: "ಇದರ ಮೇಲಿರುವ ಗುರುತು ಏನು? ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ."

ಧೀರಜ್ ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟ. ನಾನೂ ಪಕ್ಕದಲ್ಲಿ ಕೂತೆ. ಮದುವೆಯಾದಾಗಿನಿಂದ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಅವತ್ತು ನೋಡಿದೆ. ಮರುದಿನ ಅವನು ಹೊಸ ಫೈಲನ್ನು ಅಳಿಸಿಹಾಕಿದ. ಫ್ರೀಜರಿನಲ್ಲಿದ್ದ ಹೊಸ ಕ್ಲಿಪ್ಪುಗಳನ್ನು ಗರಾಜಿನಲ್ಲಿ ಸುತ್ತಿಗೆಯಿಂದ ಒಡೆದ. "ಇದ್ರೆ ಯಾವತ್ತಾದ್ರೂ ಬಟನ್ ಒತ್ತಿಬಿಡ್ತೀನಿ ಕಣೆ," ಎಂದ. ನನಗೆ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ಹೆಮ್ಮೆಯೂ ಆಯಿತು. ಗೂಬೆಗೆ ಮಾತ್ರ ಏನೂ ಬರೆಯಲಿಲ್ಲ. ಅವನ ಕಾಮೆಂಟಿನ ಕೆಳಗೆ, ಖಂಡಿತ ಸರಿಮಾಡುತ್ತೇನೆ ಎಂಬ ಇವನ ಮಾತು ಹಾಗೇ ಇತ್ತು. ಅದನ್ನು ಅಳಿಸುವುದಕ್ಕೆ ಕೈ ಬರುವುದಿಲ್ಲ ಎಂದ. ಎರಡನೆಯವನಿಗೂ ಬರೆಯಲಿಲ್ಲ. ಶ್ರೀ ಎಂದರೆ ಏನೆಂದು ಅವನಿಗೆ ಹೇಗೆ ಹೇಳುವುದು.

ಫೆಬ್ರುವರಿಯಲ್ಲಿ ದೇವಸ್ಥಾನದ ವಾರ್ಷಿಕೋತ್ಸವ ಬಂತು. ಗೋಪಿನಾಥ ಅಂಕಲ್ ಪುಷ್ಪವೃಷ್ಟಿಯನ್ನು ಆಗಲೇ ಎಲ್ಲರಿಗೂ ಹೇಳಿಬಿಟ್ಟಿದ್ದರು. ಬೇಡವೆಂದರೆ ಕಾರಣ ಹೇಳಬೇಕು, ಕಾರಣ ಹೇಳುವ ಶಕ್ತಿ ನಮ್ಮಿಬ್ಬರಲ್ಲೂ ಇರಲಿಲ್ಲ. ಹೋದ ವರ್ಷದ ಹಳೆಯ ಕ್ಲಿಪ್ಪನ್ನೇ ಡ್ರೋನಿಗೆ ಹಾಕಿಕೊಂಡು ಹೊರಟೆವು. ಆ ಬೆಳಿಗ್ಗೆ ಅಟ್ಲಾಂಟಾದಲ್ಲಿ ಅಪರೂಪಕ್ಕೆ ಬೀಳುವ ಚಳಿ ಬಿದ್ದಿತ್ತು. ಪಾರ್ಕಿಂಗ್ ಲಾಟಿನಲ್ಲಿ ಕಾರುಗಳ ಗಾಜೆಲ್ಲ ಬೆಳ್ಳಗಾಗಿತ್ತು. ರೇಷ್ಮೆ ಸೀರೆಯ ಮೇಲೆ ಪಫರ್ ಜಾಕೆಟ್ ತೊಟ್ಟ ಹೆಂಗಸರು ಹಗ್ಗದ ಆಚೆ ನಿಂತು ಕಳಶದ ಕಡೆ ಕತ್ತೆತ್ತಿದ್ದರು.

ಡ್ರೋನು ಮೇಲೇರಿ ಕಳಶದ ನೆತ್ತಿಯ ಮೇಲೆ ನಿಂತಿತು. ಒಳಗಿನಿಂದ ಮಂಗಳವಾದ್ಯ. ಧೀರಜ್ ಬಟನ್ ಒತ್ತಿದ. ಏನೂ ಬೀಳಲಿಲ್ಲ. ಮತ್ತೆ ಒತ್ತಿದ. ಎಲ್ಲರೂ ಕೈ ಮುಗಿದುಕೊಂಡು, ಬಾಯಿ ತೆರೆದುಕೊಂಡು ಮೇಲೇ ನೋಡುತ್ತಿದ್ದರು. ಬುಟ್ಟಿ ತೂಗುತ್ತಿತ್ತು. ನನಗೆ ಅಷ್ಟು ಜನರ ನಡುವೆ ಕಂದಕದಲ್ಲಿ ಅಂಗಾತ ಮಲಗಿದವನ ನೆನಪಾಯಿತು, ಬೀಳದಿರಲಿ ದೇವರೇ ಎಂದುಕೊಂಡೆ. ದೇವಸ್ಥಾನದ ಮುಂದೆ ನಿಂತು ಹೂ ಬೀಳದಿರಲಿ ಎಂದು ಬೇಡಿಕೊಂಡವಳು ನಾನೊಬ್ಬಳೇ ಇರಬೇಕು.

"ಸ್ಟಕ್ ಆಗಿದೆ ಅಂಕಲ್, ವಾಪಸ್ ತರ್ತೀನಿ," ಎಂದ ಧೀರಜ್.

ಡ್ರೋನು ಪಾರ್ಕಿಂಗ್ ಲಾಟಿಗೆ ಮರಳಿ, ಅವನ ತಲೆಯಿಂದ ಒಂದು ಮೊಳ ಮೇಲೆ ಗುಂಯ್‌ಗುಡುತ್ತ ನಿಂತಿತು. ಕೆಳಗೆ ಬುಟ್ಟಿ ತೂಗುತ್ತಿರುವಾಗ ಅದು ನೆಲಕ್ಕೆ ಇಳಿಯಲಾರದು, ಯಾರಾದರೂ ಕೈಯಿಂದ ಬಿಡಿಸಬೇಕು. ಧೀರಜ್ ರಿಮೋಟನ್ನು ಎಡಗೈಗೆ ತೆಗೆದುಕೊಂಡು ಬಲಗೈಯನ್ನು ಮೇಲೆ ಚಾಚಿದ.

"ಕೈ ತೆಗಿ," ಎಂದು ನಾನು ಕಿರುಚಿದೆ. "ಧೀರಜ್, ಕೈ ತೆಗಿ, ಮುಟ್ಬೇಡ ಅದನ್ನ."

ಮಂಗಳವಾದ್ಯದವರೂ ನಿಲ್ಲಿಸಿದರು. ಎಲ್ಲರ ಮುಖ ನನ್ನ ಕಡೆ ತಿರುಗಿತು. ಅಕ್ಷಯಾ ನಾಚಿಕೆಯಿಂದ ನನ್ನ ಜಾಕೆಟ್ ಎಳೆದಳು. ಗೋಪಿನಾಥ ಅಂಕಲ್ ನಕ್ಕು, "ಹೂವಮ್ಮ ಅದು, ಬಾಂಬ್ ಏನಲ್ಲ," ಎಂದರು.

ಧೀರಜ್ ನನ್ನನ್ನೇ ನೋಡಿದ. ಅವನ ಕೈ ಇನ್ನೂ ಮೇಲೇ ಇತ್ತು, ಬೆರಳುಗಳು ಕ್ಲಿಪ್ಪನ್ನು ಮುಟ್ಟಿದ್ದವು. ಬೆರಳಿನ ಬಿಸಿಗೋ ಏನೋ ಕ್ಲಿಪ್ಪು ಟಕ್ಕೆಂದು ಬಾಯಿ ಬಿಟ್ಟಿತು. ಬುಟ್ಟಿ ಮಗುಚಿ ದಳಗಳೆಲ್ಲ ಅವನ ಅಂಗೈ ಮೇಲೆ, ತೋಳಿನ ಮೇಲೆ, ಮುಖದ ಮೇಲೆ ಸುರಿದವು. ಜನ ಚಪ್ಪಾಳೆ ತಟ್ಟಿದರು. ಅವನು ಕೈಯನ್ನು ಕೆಳಗಿಳಿಸಿ, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡಿಕೊಂಡ. ನಾನು ಹೆಮ್ಮೆಪಟ್ಟುಕೊಂಡಿದ್ದ ನಮ್ಮ ತೀರ್ಮಾನದಲ್ಲಿ ಹೀಗೆ ಮೇಲೆ ಚಾಚುವ ಇನ್ನೊಬ್ಬನ ಕೈಯೂ ಇತ್ತೆಂದು ಆಗ ನನಗೆ ಕಂಡಿತು.

"ಅಪ್ಪಾ, ಇಟ್ಸ್ ಬ್ರೋಕನ್," ಎಂದಳು ಅಕ್ಷಯಾ, ಅವನ ಕೂದಲಿನಿಂದ ದಳ ತೆಗೆಯುತ್ತ. "ಕ್ಯಾಂಟ್ ಯೂ ಜಸ್ಟ್ ಫಿಕ್ಸ್ ಇಟ್?"

"ಆಗಲ್ಲ ಪುಟ್ಟ," ಎಂದ.

ಧೀರಜ್ ಊಟಕ್ಕೆ ಒಳಗೆ ಹೋಗಲಿಲ್ಲ. ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತು ಗೂಬೆಗೆ ಬರೆದ, ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಮೊದಲು ಉದ್ದಕ್ಕೆ ಬರೆದ, ಅಳಿಸಿದ, ಮತ್ತೆ ಬರೆದ. ಕೊನೆಗೆ ಉಳಿದದ್ದು ಇಷ್ಟು: ನಾನು ಇದನ್ನು ಸರಿಮಾಡುವುದಿಲ್ಲ. ಮಾತು ಕೊಟ್ಟು ತಪ್ಪಿದ್ದಕ್ಕೆ ಕ್ಷಮಿಸು. ಅದು ಬೀಳದೆ ವಾಪಸ್ ಬಂದರೆ ದೂರ ಬಿಟ್ಟುಬಿಡು, ದಯವಿಟ್ಟು ಕೈಯಿಂದ ಮುಟ್ಟಬೇಡ. ನಿನ್ನ ಗೆಳೆಯನಿಗೂ ಇದನ್ನು ತೋರಿಸು. ಎರಡನೆಯವನಿಗೆ, ಆ ಗುರುತು ನಾವು ಒಳ್ಳೆಯ ಕೆಲಸ ಶುರು ಮಾಡುವಾಗ ಬರೆಯುವ ಅಕ್ಷರ ಎಂದು ಬರೆದ.

ಎರಡಕ್ಕೂ ಉತ್ತರ ಬಂದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಧೀರಜ್ ಫೋನು ನೋಡುತ್ತಾನೆ, ಅವನು ಸ್ನಾನಕ್ಕೆ ಹೋದಾಗ ನಾನು ನೋಡುತ್ತೇನೆ. ಇಬ್ಬರಲ್ಲಿ ಯಾರ ಉತ್ತರ ಬರಲಿ ಎಂದು ಕಾಯುತ್ತಿದ್ದೇವೆಂದು ನಾನೂ ಕೇಳಿಲ್ಲ, ಅವನೂ ಹೇಳಿಲ್ಲ.