ಹಾವಿನ ಜಡೆಯವಳು

ಎಲೆಅಡಿಕೆ ವಾಸನೆ, ಅಜ್ಜಿಯ ಬಾಯಿ ನನ್ನ ಕಿವಿಗೇ ತಾಗಿದೆ, ಇದು ಕರ್ಣನ ಕತೆ ಕಣಮ್ಮ ಅನ್ನುತ್ತಿದ್ದಾಳೆ, ಪರದೆಯ ಮೇಲೆ ಆ ಹುಡುಗ ಸ್ಕೂಲ್ ಬ್ಯಾಗ್ ಸಮೇತ ಓಡುತ್ತಿದ್ದಾನೆ, ಅವನಪ್ಪ ಗ್ರೀಕರ ಸೂರ್ಯದೇವರು ಅಂತ ಅವನಿಗೆ ಈಗಷ್ಟೇ ಗೊತ್ತಾಗಿದೆ, ಗಣಿತದಲ್ಲಿ ಫೇಲಾಗುವವನಿಗೆ ದೇವರೇ ಅಪ್ಪ, ಆಗಲಿ ಪಾಪ, ಓಡಲಿ, ಬೇಗ ಓಡಲಿ, ನನ್ನ ಸೀನು ಬರಬೇಕು, ಇಂಟರ್ವಲ್‌ಗೆ ಮುಂಚೆ ಬರುತ್ತೆ ಅಂದಿದ್ದರು ಅಸಿಸ್ಟೆಂಟ್ ಡೈರೆಕ್ಟರ್ ಪ್ರಸನ್ನ ಕುಮಾರ್ ಸರ್, ಬಂದೇ ಬರುತ್ತೆ, ಕೋಟೆಯ ಬಂಡೆಯಲ್ಲಿ ನೀರು ನಿಲ್ಲುವ ದೊಣೆಯ ಪಕ್ಕ ಕೂತು ನಾನು ಜಡೆ ಹೆಣೆದುಕೊಳ್ಳುವ ಸೀನು, ಮುಖಕ್ಕೆ ಬಣ್ಣವಿಲ್ಲ, ತಲೆಯ ಮೇಲೆ ಹಾವಿಲ್ಲ, ನಾನೇ, ಮಿಡಿಗೇಶಿಯ ಯಶೋಧರಾ, ನನ್ನದೇ ಕೂದಲು — ಸೀಟಿನ ಸ್ಪ್ರಿಂಗ್ ಚುಚ್ಚುತ್ತಿದೆ, ಅಜ್ಜಿ ಕಾಲು ಮೇಲಿಟ್ಟು ಕೂತುಬಿಟ್ಟಿದ್ದಾಳೆ, ಮಧುಗಿರಿಗೆ ಸಿನಿಮಾಕ್ಕೆ ಬಂದು ಎಷ್ಟು ವರ್ಷವಾಯಿತೋ, ಹಿಂದಿನ ಸಾಲಿನಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲ ಇದ್ದಾರೆ, ಎಲ್ಲರನ್ನೂ ಬಸ್ಸು ಹತ್ತಿಸಿಕೊಂಡು ಬಂದವಳು ಇವಳೇ, ನಮ್ ಹುಡ್ಗಿ ನಾಗಮ್ಮ ಆಗವ್ಳೆ ಬರ್ರಿ ಅಂತ, ನಾಗಮ್ಮ ಅಲ್ಲ ಅಜ್ಜಿ, ರಾಕ್ಷಸಿ, ಗ್ರೀಕರ ರಾಕ್ಷಸಿ, ಅವಳನ್ನು ನೋಡಿದವರೆಲ್ಲ ಕಲ್ಲಾಗುತ್ತಾರೆ ಅಂದರೆ ಕೇಳಿದಳಾ, ನಾಗಮ್ಮನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬಾರ್ದು ಕಣಮ್ಮ, ಎಲ್ಲಾ ಒಂದೇಯ ಅಂದಳು, ಮುಗಿಯಿತು. ಹೀರೋಯಿನ್‌ನ ಗೆಳತಿಯ ಪಾತ್ರ ಅಂತ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿತ್ತು, ಲಂಗದಾವಣಿ ಹಾಕಿಕೊಂಡು ಹೋಗಿದ್ದೆ, ಪಾತ್ರಕ್ಕೆ ಆರಿಸುವ ಮೇಡಮ್ಮು ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಈ ಕಣ್ಣು ನೋಡಿ, ಈ ಕಲರ್ ನೋಡಿ, ರಾಕ್ಷಸಿಗೆ ಮೇಕಪ್ಪೇ ಬೇಡ ಅಂದರು, ಸುತ್ತಲಿದ್ದವರು ನಕ್ಕರು, ಬೆಪ್ಪಳ ಹಾಗೆ ನಾನೂ ನಕ್ಕೆ, ಗೆಳತಿಯ ಪಾತ್ರಕ್ಕೆ ತುಮಕೂರಿನ ಬೆಳ್ಳಗಿನ ಹುಡುಗಿ ಸಿಕ್ಕಳು. ಆಗಲೇ ಬಿಟ್ಟು ಬರಬೇಕಿತ್ತು, ಬರಲಿಲ್ಲ, ಯಾಕೆಂದರೆ ಈ ಸಿನಿಮಾದ ಮೂಲ ಕಾದಂಬರಿಯನ್ನು ಲೈಬ್ರರಿಯಲ್ಲಿ ಓದಿದ್ದೆ, ರಾಕ್ಷಸಿ ಮೊದಲು ಹುಡುಗಿಯೇ ಆಗಿದ್ದಳು, ಗುಡಿಯೊಳಗೆ ಅವಳ ಮೇಲೆರಗಿದವನು ಒಬ್ಬ ದೇವರು, ಆ ಗುಡಿಯ ದೇವತೆ ಶಾಪ ಕೊಟ್ಟದ್ದು ಮಾತ್ರ ಅವಳಿಗೆ, ಕೂದಲೆಲ್ಲ ಹಾವಾಯಿತು, ಆ ಪುಟ ಓದಿ ನನಗೆ ಎಂಥ ಸಿಟ್ಟು ಬಂದಿತ್ತು, ಅದೂ ಸಿನಿಮಾದಲ್ಲಿ ಇರುತ್ತಾ ಸರ್ ಅಂದಿದ್ದಕ್ಕೆ ಪ್ರಸನ್ನ ಕುಮಾರ್ ಸರ್ ಇರ್ತದಮ್ಮ, ಅದಿಲ್ದೆ ಕತೆ ಹೆಂಗಾಗ್ತದೆ ಅಂದರು, ಅದಕ್ಕೇ ಒಪ್ಪಿದೆ, ಅದೊಂದಕ್ಕೇ. ಮುಖದ ಮೇಲೆ ತಣ್ಣಗೆ ಗಾರೆ ಮೆತ್ತಿ, ಮೂಗಿಗೆ ಸ್ಟ್ರಾ ಇಟ್ಟು ಅಚ್ಚು ತೆಗೆದರು, ಮುಂದಿನ ವಾರ ಹೋದರೆ ಮೇಜಿನ ಮೇಲೆ ನನ್ನ ತಲೆ, ರಬ್ಬರಿನದು, ಕಣ್ಣು ತೆರೆದಿದೆ, ಹೀರೋ ಹುಡುಗ ಬಿಸ್ಕತ್ತು ತಿನ್ನುತ್ತಾ ಅದರ ಕೂದಲು ಹಿಡಿದು ಎತ್ತಿ ಎತ್ತಿ ಅಭ್ಯಾಸ ಮಾಡುತ್ತಿದ್ದ, ಎಷ್ಟು ಹಗುರ ಇದೆ ಅಂದ.

ಲೈಟು ಹಾಕಿಬಿಟ್ಟರು, ಇಂಟರ್ವಲ್, ಬರಲಿಲ್ಲ, ಬರಲೇ ಇಲ್ಲ, ಇರಲಿ, ಮುಂದಕ್ಕೆ ಹಾಕಿರಬಹುದು, ರಾಕ್ಷಸಿ ಕಾಣಿಸಿಕೊಂಡ ಮೇಲೆ ಅವಳ ಹಿಂದಿನ ಕಥೆ ಅಂತ ತೋರಿಸಬಹುದು, ಹಾಗೆ ತೋರಿಸುತ್ತಾರೆ, ಎಷ್ಟು ಸಿನಿಮಾದಲ್ಲಿ ನೋಡಿಲ್ಲ, ಎಲ್ಲಿದ್ದೀಯಮ್ಮ ನೀನು, ಕಾಣ್ತಾನೇ ಇಲ್ಲ ಅಂತ ಹಿಂದಿನಿಂದ ಲೋಹಿತಕ್ಕ ಕೇಳುತ್ತಿದ್ದಾಳೆ, ಬರ್ತೀನಿ ಅಕ್ಕ, ಈಗ ಬರ್ತೀನಿ, ಅಜ್ಜಿ ನನ್ನ ಪರವಾಗಿ, ದೇವ್ರು ಮೊದ್ಲೇ ಬಂದ್ಬುಡ್ತಾಳೇನೇ, ತಡವಾಗೇ ಬರೋದು ಅನ್ನುತ್ತಾಳೆ, ಎಲ್ಲರೂ ನಗುತ್ತಾರೆ, ನನಗೆ ನಗು ಬರುತ್ತಿಲ್ಲ. ನಮ್ಮೂರ ಕೋಟೆಯಲ್ಲಿ ಶೂಟಿಂಗ್ ದಿನ ಥರ್ಮಾಕೋಲಿನ ಗ್ರೀಕ್ ಕಂಬಗಳಿಗೆ ಮೇಕೆಗಳು ಮೈ ಉಜ್ಜುತ್ತಿದ್ದವು, ನೆತ್ತಿಯ ಮೇಲೆ ಹಾವುಗಳ ಭಾರ, ಕುತ್ತಿಗೆ ಸೆಟೆದಿತ್ತು, ಅಜ್ಜಿ ಎಲ್ಲಿಂದಲೋ ಏದುಸಿರು ಬಿಡುತ್ತಾ ಬಂದಳು, ಕೈಯಲ್ಲಿ ಹಾಲಿನ ಚೊಂಬು, ಯಾರೂ ತಡೆಯುವ ಮುಂಚೆ ನನ್ನ ನೆತ್ತಿಗೆ ತನಿ ಎರೆದುಬಿಟ್ಟಳು, ನಾಗರಕಲ್ಲಿಗೆ ಎರೆಯುವ ಹಾಗೆ, ಹಸಿರು ಬಣ್ಣ ಕರಗಿ ಹಾಲಿನ ಜೊತೆ ಕಣ್ಣಿಗಿಳಿಯಿತು, ಮೇಕಪ್‌ನವನು ತಲೆ ತಲೆ ಚಚ್ಚಿಕೊಂಡ, ಪ್ರಸನ್ನ ಕುಮಾರ್ ಸರ್ ಓಡಿಬಂದು ಅಜ್ಜಿ, ಅದು ರಬ್ಬರ್ ಅಜ್ಜಿ ಅಂದರು, ಕಲ್ಲಿಗೆ ಎರೀತೀವಲ್ಲಪ್ಪ, ರಬ್ಬರ್‌ಗೆ ಎರುದ್ರೆ ಏನಾಯ್ತು ಅಂದಳು ಅಜ್ಜಿ. ಹಾವುಗಳನ್ನು ಬಿಚ್ಚಿ ತೊಳೆದು ಒಣಗಿಸಬೇಕಾಯಿತು, ಅಷ್ಟರಲ್ಲಿ ಆ ದೊಣೆಯ ಸೀನು ಮುಗಿಸೋಣ ಅಂದರು, ಹಾಲು ತೊಳೆದ ನನ್ನ ಕೂದಲು ಇನ್ನೂ ಹಸಿ, ದೊಣೆಯ ನೀರಿನಲ್ಲಿ ನನ್ನ ಮುಖ, ಗಾಳಿ, ನಾನೇನು ತಪ್ಪು ಮಾಡಿದೆ ಅಂತ ಆ ಗ್ರೀಕ್ ದೇವತೆಯನ್ನು ಕೇಳಬೇಕು, ಕೇಳಿದೆ, ಒಂದೇ ಟೇಕಿಗೆ ಓಕೆ, ಕ್ಯಾಮೆರಾದವರು ಲೆನ್ಸಿನಿಂದ ಕಣ್ಣು ತೆಗೆದು ನನ್ನನ್ನೇ ನೋಡಿದರು, ನಾನು ಚೆನ್ನಾಗಿದ್ದೇನೆ ಅಂತ ಜನ್ಮದಲ್ಲಿ ಮೊದಲ ಸಲ ನನಗೆ ಅನ್ನಿಸಿತು, ಅದನ್ನು ಇವರೆಲ್ಲ ನೋಡಬೇಕು, ಮುಂದಿನ ಸಾಲುಗಳಲ್ಲಿ ನಮ್ಮ ಕಾಲೇಜಿನ ಹುಡುಗರಿದ್ದಾರೆ, ಕಪ್ಪಿ ಕಪ್ಪಿ ಅನ್ನುವವರು, ಅವರೂ ನೋಡಬೇಕು, ಒಂದು ಸಲ, ಅಷ್ಟೇ ಸಾಕು.

ಕತ್ತಲೆ, ಮತ್ತೆ ಶುರು, ಕೋಟೆ, ನಮ್ಮ ಕೋಟೆ, ಲೋಹಿತಕ್ಕ ಕೂಗಿದಳು ನಮ್ಮೂರು ನಮ್ಮೂರು ಅಂತ, ಬಾಗಿಲಿಗೆ ಬೇರೆ ಬಣ್ಣ, ಕಲ್ಲಾದ ಮನುಷ್ಯರು, ಹುಡುಗ ಕನ್ನಡಿ ಹಿಡಿದು ಹಿಮ್ಮುಖವಾಗಿ ನಡೆಯುತ್ತಿದ್ದಾನೆ, ಕನ್ನಡಿಯಲ್ಲಿ ಮೊದಲು ಹಾವು, ಆಮೇಲೆ ನಾನು, ಅಬ್ಬಾ ಎಷ್ಟು ಕಪ್ಪು ಮಾಡಿದ್ದಾರೆ, ದನಿ ನನ್ನದಲ್ಲ, ಯಾರದೋ ಗೊಗ್ಗರು ದನಿ, ನನ್ನ ಬಾಯಿಗೆ ಇನ್ಯಾರೋ ಗುರುಗುಟ್ಟುತ್ತಿದ್ದಾರೆ, ಈಗ ತೋರಿಸಿ, ಈಗ ದೊಣೆ ತೋರಿಸಿ ಸರ್, ಅವನು ಕತ್ತಿ ಎತ್ತುವ ಮುಂಚೆ, ಇದೇ ಜಾಗ, ಇಲ್ಲೇ ಬರಬೇಕು, ಹುಡುಗ ಕಣ್ಣು ಮುಚ್ಚಿದ, ಈಗ, ಕತ್ತಿ ಬೀಸಿದ — ಇಲ್ಲ. ಇಲ್ಲ. ತೆಗೆದುಬಿಟ್ಟಿದ್ದಾರೆ. ದೊಣೆ ಇಲ್ಲ, ಜಡೆ ಇಲ್ಲ, ಮಾತಿಲ್ಲ, ಹುಟ್ಟಿದಾಗಲೇ ಹಾವು ಹೊತ್ತವಳ ಹಾಗೆ ಬಂದೆ, ಸತ್ತೆ, ಮುಂದಿನ ಸಾಲಿನಿಂದ ಶಿಳ್ಳೆ, ಚಪ್ಪಾಳೆ, ಹುಡುಗ ಮುಷ್ಟಿಯಲ್ಲಿ ಕೂದಲು ಹಿಡಿದು ತಲೆ ಎತ್ತಿದ್ದಾನೆ, ನನ್ನ ತಲೆ, ಅಜ್ಜಿಗೆ ಏನು ಹೇಳಲಿ, ನಾಗಮ್ಮನ ತಲೆ ಕಡಿದರು ಅಂತ ಎದೆ ಒಡೆದುಕೊಳ್ಳುತ್ತಾಳೆ, ಬಾ ಅಜ್ಜಿ ಹೋಗೋಣ ಅಂತ ಅವಳ ಕೈಗೆ ತಡಕಾಡಿದರೆ ಕೈ ಸಿಗುತ್ತಿಲ್ಲ, ಎರಡೂ ಕೈ ಎದೆಯ ಹತ್ತಿರ ಜೋಡಿಸಿಕೊಂಡಿದ್ದಾಳೆ, ತಾಯೀ, ನಮ್ಮವ್ವ, ಎಲ್ಲಮ್ಮನ್ಗೂ ಮಗ್ನೇ ತಲೆ ಕಡುದ್ನಲ್ಲ, ಕಡುದ್ ತಲೇನೇ ಅಲ್ವೇ ನಾವು ಪೂಜೆ ಮಾಡಾದು, ಹಿಂದಿನ ಸಾಲಿನಲ್ಲಿ ಬಳೆ ಸದ್ದು, ಅವರೂ ಕೈ ಮುಗಿಯುತ್ತಿದ್ದಾರೆ, ಅಜ್ಜಿ, ನಾನು ಇಲ್ಲಿದ್ದೀನಿ ಅಜ್ಜಿ, ಅವಳು ನನ್ನತ್ತ ತಿರುಗುತ್ತಿಲ್ಲ, ಸುಮ್ಕಿರಮ್ಮ, ನೀನೂ ಕೈ ಮುಗಿ ಅನ್ನುತ್ತಾಳೆ, ಅತ್ತ ಶಿಳ್ಳೆ, ಇತ್ತ ಕೈ ಮುಗಿದವರು, ನನ್ನ ಮುಖ ಯಾರಿಗೂ ಬೇಡ, ಹುಡುಗ ಇನ್ನೂ ಇಳಿಸಿಲ್ಲ, ಎತ್ತಿ ಹಿಡಿದೇ ಇದ್ದಾನೆ, ರಬ್ಬರಿನ ಕಣ್ಣು ತೆರೆದಿದೆ, ನನ್ನನ್ನೇ ನೋಡುತ್ತಿದೆ, ಮುಷ್ಟಿ ಬಿಡುತ್ತಿಲ್ಲ, ಕೂದಲು ಬಿಡುತ್ತಿಲ್ಲ, ಕಣ್ಣು ತೆರೆದೇ ಇದೆ, ನನ್ನ ತಲೆ, ಅವನ ಮುಷ್ಟಿಯಲ್ಲಿ, ನನ್ನ ತಲೆ